ಮೂರು, ನಾಲ್ಕರ ನಡುವಿನ ಟೇಬಲ್ಲು

"ನಿನ್ನ ಈ ಬಾಂಬು ಎಷ್ಟೊತ್ತಿಗೆ ಸಿಡಿಯುತ್ತೆ ಅಂತ ಮೊದಲೇ ಹೇಳಿಬಿಡೇ. ಒಂದು ಲೋಟ ಚಹಾ ಕುಡಿದೇ ಸಾಯ್ತೀನಿ," ಎಂದರು ಅತ್ತೆ, ಹೊಸ್ತಿಲ ಬಳಿ ಕೂತು ಒಣಗಿದ ಬಟ್ಟೆ ಮಡಚುತ್ತಾ.

"ಚಹಾ ಕುಡೀರಿ ಅತ್ತೆ. ನನಗೂ ಒಂದು ಲೋಟ ಇಡಿ. ಇದು ಸಿಡಿಯೋ ಪೈಕಿ ಅಲ್ಲ."

ಬೆಸುಗೆಯವಳು ತಲೆ ಎತ್ತಲಿಲ್ಲ. ಊಟದ ಮೇಜಿಗೆ ಹಾಸಿದ ರಬ್ಬರ್ ಚಾಪೆಯ ನಡುವೆ, ಕಪ್ಪು ಪ್ಲಾಸ್ಟಿಕ್ ಗೂಡಿನಲ್ಲಿ, ಹೆಬ್ಬೆರಳು ದಪ್ಪದ ನಾಲ್ಕು ಲಿಥಿಯಂ ಸೆಲ್ಲುಗಳು ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದವು. ಅವುಗಳ ನೆತ್ತಿಯ ಮೇಲೆ ನಿಕ್ಕಲ್ ಪಟ್ಟಿ ಇಟ್ಟು, ಎರಡು ತಾಮ್ರದ ಮೊನೆಗಳನ್ನು ಒತ್ತಿ ಹಿಡಿದು, ಕಾಲಿನಿಂದ ಪೆಡಲ್ ಅದುಮಿದಳು. ಟಕ್. ಪಟ್ಟಿಯ ಮೇಲೆ ಸಾಸಿವೆ ಗಾತ್ರದ ಎರಡು ಚುಕ್ಕೆ ಮೂಡಿದವು. ಒಳ್ಳೆಯ ಬೆಸುಗೆಯನ್ನು ಕಣ್ಣಿಗಿಂತ ಮೊದಲು ಕಿವಿ ಗುರುತಿಸುತ್ತದೆ.

ಬೆಸುಗೆ ಯಂತ್ರ ಅವಳೇ ಕಟ್ಟಿಕೊಂಡದ್ದು. ಯಾರೋ ಬೀದಿಗೆ ಎಸೆದ ಮೈಕ್ರೋವೇವ್ ಒಲೆಯ ಟ್ರಾನ್ಸ್‌ಫಾರ್ಮರ್ ಬಿಚ್ಚಿ, ಅದಕ್ಕೆ ಬೆರಳು ದಪ್ಪದ ತಂತಿ ಸುತ್ತಿದ್ದಳು. ಸೆಲ್ಲುಗಳು ಲ್ಯಾಪ್‌ಟಾಪ್ ರಿಪೇರಿಯವನು ಗುಜರಿಗೆ ಹಾಕಲು ಇಟ್ಟಿದ್ದ ಹಳೆ ಬ್ಯಾಟರಿಗಳ ಹೊಟ್ಟೆಯಿಂದ ಬಂದವು. ಆರು ಸೆಲ್ಲುಗಳಲ್ಲಿ ಒಂದು ಸತ್ತರೆ ಇಡೀ ಬ್ಯಾಟರಿಯನ್ನೇ ತಿಪ್ಪೆಗೆ ಎಸೆಯುವುದು ಈ ಲೋಕದ ನ್ಯಾಯ. ಬದುಕಿರುವ ಐದರ ಗೋಳು ಯಾರಿಗೂ ಬೇಕಿಲ್ಲ. ಅವಳು ಎಪ್ಪತ್ತು ಸೆಲ್ಲು ಆಯ್ದು, ಚಾರ್ಜ್ ಮಾಡಿ, ಎರಡು ವಾರ ಮುಟ್ಟದೆ ಬಿಟ್ಟಿದ್ದಳು. ತುಂಬಿದ ದಿನ ಎಲ್ಲವೂ ಶೂರರೇ. ಎರಡು ವಾರದ ನಂತರವೂ ತುಂಬಿದ್ದವು ನಲವತ್ತನಾಲ್ಕು. ಅವಳಿಗೆ ಬೇಕಾದದ್ದು ನಲವತ್ತು: ನಾಲ್ಕರಂತೆ ಹತ್ತು ಸಾಲು.

ಸೋಮವಾರ ಬೆಳಿಗ್ಗೆ ಆರಕ್ಕೆ ಅವಳು ಗುಡ್ಡದಾಚೆಯ ಆಸ್ಪತ್ರೆಯ ಲಾಂಡ್ರಿಯಲ್ಲಿ ಇರಬೇಕಿತ್ತು. ಹನ್ನೊಂದು ಕಿಲೋಮೀಟರ್ ದಾರಿ. ಮೊದಲ ಬಸ್ಸು ಹೊರಡುವುದೇ ಏಳಕ್ಕೆ. "ಮೊದಲ ದಿನವೇ ತಡವಾದರೆ ಬರಲೇಬೇಡ, ಸಾಲಿನಲ್ಲಿ ಇನ್ನೂ ಎಂಟು ಜನ ಇದ್ದಾರೆ," ಎಂದು ಅಲ್ಲಿನ ಮೇಲ್ವಿಚಾರಕಿ ಸ್ಪಷ್ಟವಾಗಿ ಹೇಳಿದ್ದಳು. ಅಂಗಳದಲ್ಲಿ ಬ್ಯಾಟರಿ ಸತ್ತ ಎಲೆಕ್ಟ್ರಿಕ್ ಸೈಕಲ್ಲೊಂದು ಗೋಡೆಗೆ ಒರಗಿತ್ತು. ಹೊಸ ಬ್ಯಾಟರಿಯ ಬೆಲೆ ಕೇಳಿದರೆ ಸೈಕಲ್ಲೇ ನಾಚಿ ತಲೆ ತಗ್ಗಿಸಬೇಕು. ಗಂಡ ಹಡಗಿನ ಕೆಲಸದವನು, ಅವನ ಮುಖ ಕಾಣುವುದು ವರ್ಷಕ್ಕೊಮ್ಮೆ. ಇದ್ದದ್ದು ಅವಳ ಎರಡು ಕೈ.

ಆ ಕೈಗಳದ್ದೇ ಒಂದು ತಮಾಷೆ. ಒಂಬತ್ತು ವರ್ಷ ಬ್ಯಾಟರಿ ಕಾರ್ಖಾನೆಯಲ್ಲಿ ದುಡಿದವಳು ಒಂದೇ ಒಂದು ಬ್ಯಾಟರಿಯನ್ನೂ ಪೂರ್ತಿಯಾಗಿ ಮಾಡಿದವಳಲ್ಲ. ಒಂದನೇ ಟೇಬಲ್ಲಿನಲ್ಲಿ ಸೆಲ್ಲು ಆರಿಸುತ್ತಿದ್ದರು, ಎರಡನೆಯದರಲ್ಲಿ ಕಾಗದದ ಉಂಗುರ ಅಂಟಿಸುತ್ತಿದ್ದರು, ಮೂರರಲ್ಲಿ ಗೂಡಿಗೆ ಜೋಡಿಸಿ ತಟ್ಟೆಯಲ್ಲಿಟ್ಟು ಮುಂದೆ ತಳ್ಳುತ್ತಿದ್ದರು. ನಾಲ್ಕು ಅವಳದು, ಬೆಸುಗೆ. ಐದನೆಯದು ಗೋಡೆಯ ಆಚೆ. ಕೆಲಸವನ್ನು ಚೂರು ಚೂರು ಮಾಡಿ ಹಂಚಿದರೆ ವೇಗ ಹೆಚ್ಚುತ್ತದೆ ಎಂದು ಮ್ಯಾನೇಜರ್ ಹೇಳುತ್ತಿದ್ದ. ಪೂರ್ತಿ ಬಲ್ಲವರು ಒಬ್ಬರೂ ಹುಟ್ಟುವುದಿಲ್ಲ ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ.

ಹದಿನಾಲ್ಕು ತಿಂಗಳ ಹಿಂದೆ ನಾಲ್ಕನೇ ಟೇಬಲ್ಲಿನ ಮೇಲೆ ಒಂದು ಪ್ಯಾಕು ಹೊತ್ತಿಕೊಂಡಿತು. ಅವಳ ಎಡ ಮುಂಗೈ ಬೆಂದಿತು. ಬ್ಯಾಂಡೇಜ್ ಬಿಚ್ಚುವ ಮೊದಲೇ ಕೈಗೆ ಕೆಲಸದಿಂದ ತೆಗೆದ ಕಾಗದ ಬಂತು: 'ಬೆಸುಗೆಯವಳ ಅಜಾಗರೂಕತೆ.' ಕೆಳಗೆ ಸಾಕ್ಷಿಯ ಸಹಿ ಮೂರನೇ ಟೇಬಲ್ಲಿನ ಜೋಡಣೆಯವಳದು. 'ತಟ್ಟೆ ಸರಿಯಾಗಿಯೇ ಇತ್ತು' ಎಂದು ಒಂದು ಸಾಲು. ಒಂಬತ್ತು ವರ್ಷ ಒಂದೇ ಡಬ್ಬಿಯಲ್ಲಿ ಉಂಡ ಗೆಳತಿಯ ಸಹಿ! ಆಮೇಲೆ ಅವಳು ಯಾವ ಕಾರ್ಖಾನೆಯ ಬಾಗಿಲು ತಟ್ಟಿದರೂ ಆ 'ಅಜಾಗರೂಕತೆ' ಅವಳಿಗಿಂತ ಮೊದಲೇ ಗೇಟು ಮುಟ್ಟಿರುತ್ತಿತ್ತು. ಲಾಂಡ್ರಿಯವರು ಕಾಗದ ಕೇಳಲಿಲ್ಲ. ಅದಕ್ಕೇ ಲಾಂಡ್ರಿ.

ಐದನೇ ಸಾಲಿನ ಮೇಲ್ಮೈ ಮುಗಿಯಿತು. ಗೂಡನ್ನು ಮಗುಚಿ ಹಾಕಿ, ತಳಕ್ಕೆ ಪಟ್ಟಿ ಇಟ್ಟಳು.

ಪೆಡಲ್ ಅದುಮುವ ಮೊದಲೇ ಪಟ್ಟಿ ಚಟ್ ಎಂದು ಸಿಡಿಯಿತು. ನೀಲಿ ಬೆಳಕು. ಮರುಕ್ಷಣ ನಿಕ್ಕಲ್ ಕೆಂಪಗೆ ಕಾದು, ಪ್ಲಾಸ್ಟಿಕ್ ಕರಗುವ ಘಾಟು ಮೂಗಿಗೆ ಬಡಿಯಿತು. ಅವಳು ಇಕ್ಕಳದಿಂದ ಪಟ್ಟಿ ಕಿತ್ತೆಸೆದು, ಗೂಡನ್ನು ಅದರಲ್ಲೇ ಕಚ್ಚಿ ಹಿಡಿದು, ಅತ್ತೆಯ ತಲೆಯ ಮೇಲಿಂದಲೇ ಎಂಬಂತೆ ಹೊಸ್ತಿಲು ಹಾರಿ, ಅಂಗಳದ ಮರಳಿನ ಬಕೆಟ್ಟಿಗೆ ಹಾಕಿ ಮುಚ್ಚಿದಳು.

"ಚಹಾ ಇನ್ನೂ ಕುದ್ದೇ ಇಲ್ಲ ಕಣೇ!" ಎಂದರು ಅತ್ತೆ. ಆಮೇಲೆ ಎದ್ದು ಬಂದು ಸೊಸೆಯ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿದರು.

ಎರಡು ಗಂಟೆ ಬಿಟ್ಟು ಮರಳು ಕೆದಕಿ, ತಣ್ಣಗಾದ ನಾಲ್ಕು ಸೆಲ್ಲುಗಳನ್ನು ಮೇಲಿನ ಪಟ್ಟಿಗೆ ಅಂಟಿದಂತೆಯೇ ಗೂಡಿನಿಂದ ಬಿಡಿಸಿದಳು. ಈ ಸೆಲ್ಲುಗಳ ಎರಡು ತುದಿಯೂ ಚಪ್ಪಟೆ. ಪ್ಲಸ್ ಕಡೆ ಕತ್ತಿನ ಸುತ್ತ ತೆಳುವಾದ ಒಂದು ತೋಡು ಇರುತ್ತದೆ, ಅಷ್ಟೇ ಗುರುತು. ಗೂಡಿಗಿಳಿದರೆ ಅದೂ ಮರೆ. ಮೂರು ಸೆಲ್ಲುಗಳ ತೋಡು ಒಂದು ಕಡೆ ಇತ್ತು. ನಾಲ್ಕನೆಯದರದು ಇನ್ನೊಂದು ಕಡೆ; ಪಟ್ಟಿ ಪ್ಲಸ್ಸಿಗೂ ಮೈನಸ್ಸಿಗೂ ಒಟ್ಟಿಗೇ ತಾಗಿತ್ತು.

ಅವಳು ಅಲ್ಲೇ ನೆಲದ ಮೇಲೆ ಕೂತಳು. ಬೆಳಿಗ್ಗೆ ಹತ್ತೂ ಸಾಲನ್ನು ಅವಳೇ ಜೋಡಿಸಿದ್ದಳು, ಒಂದೊಂದೂ ನೋಡಿ. ನೋಡಿದ್ದೇನೆ ಎಂದು ಯಾರ ಮುಂದೆ ಬೇಕಾದರೂ ಹೇಳುತ್ತಿದ್ದಳು, ಸಹಿಯನ್ನೂ ಹಾಕುತ್ತಿದ್ದಳು. ಊಟ ಮುಗಿಸಿ ತಾಮ್ರದ ಮೊನೆ ಕೈಗೆತ್ತಿಕೊಂಡದ್ದೇ ತಡ, ಅವಳು ನಾಲ್ಕನೇ ಟೇಬಲ್ಲಿನವಳಾದಳು. ನಾಲ್ಕನೇ ಟೇಬಲ್ಲಿನವಳು ತಟ್ಟೆಯನ್ನು ನೋಡುವುದಿಲ್ಲ, ನಂಬುತ್ತಾಳೆ. ನಲವತ್ತು ಸೆಕೆಂಡಿಗೆ ಒಂದು ತಟ್ಟೆ ಬರುವಲ್ಲಿ ನಂಬದೆ ಗತಿಯಿಲ್ಲ. ಒಂಬತ್ತು ವರ್ಷದ ಚಾಳಿ, ಹಿಂದಿನ ಕೈ ಇಲ್ಲದ ಕಡೆಯೂ ಹಿಂದಿನ ಕೈಯನ್ನು ನಂಬಿತ್ತು.

ಸುಟ್ಟ ನಾಲ್ಕನ್ನೂ ಹಾಗೇ ಮರಳು ತುಂಬಿದ ಡಬ್ಬಕ್ಕೆ ಹಾಕಿಕೊಂಡು ಚಪ್ಪಲಿ ಮೆಟ್ಟಿದಳು.

"ಎಲ್ಲಿಗೆ?"

"ಮೂರನೇ ಟೇಬಲ್ಲಿಗೆ."

ಜೋಡಣೆಯವಳ ಮನೆ ಎರಡು ಬೀದಿ ದಾಟಿ, ಮೂರನೇ ಮಹಡಿಯಲ್ಲಿ. ಶನಿವಾರದ ಪಾಳಿ ಮುಗಿಸಿ ಆಗಷ್ಟೇ ಬಂದಿದ್ದಳು; ಬಾಗಿಲು ತೆರೆದ ಕೈಯಲ್ಲಿ ಇನ್ನೂ ಕಾರ್ಖಾನೆಯ ಗುರುತಿನ ಬಿಲ್ಲೆ.

"ಓಹೋ! ದಾರಿ ತಪ್ಪಿ ಬಂದ್ಯಾ?"

"ದಾರಿ ಸರಿಯಾಗೇ ಇದೆ. ಒಳಗೆ ಕರೀತೀಯೋ, ಮೆಟ್ಟಿಲ ಮೇಲೇ ಕಿತ್ತಾಡೋಣವೋ?"

"ಮೆಟ್ಟಿಲೇ ಸಾಕು. ಹೋದ ಸಲ ನಡುಬೀದೀಲಿ 'ಮೂರೂ ಬಿಟ್ಟವಳು' ಅಂದೆಯಲ್ಲ, ಅದನ್ನ ಮನೆಯೊಳಗೆ ಬೇರೆ ಕೇಳಿಸ್ಕೋಬೇಕಾ?"

ಬೆಸುಗೆಯವಳು ಡಬ್ಬದ ಮುಚ್ಚಳ ತೆಗೆದು ಮುಂದೆ ಹಿಡಿದಳು. ಜೋಡಣೆಯವಳು ಬೇಡ ಬೇಡವೆಂದುಕೊಂಡೇ ಬಗ್ಗಿದಳು. ಅವಳ ಕಣ್ಣಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

"ಒಂದು ತಲೆಕೆಳಗು. ಯಾವ ಪುಣ್ಯಾತ್ಗಿತ್ತಿ ಇಟ್ಟಿದ್ದು ಇದನ್ನ?"

"ನಾನೇ."

ಜೋಡಣೆಯವಳು ಸರ್ರನೆ ನೆಟ್ಟಗಾದಳು. "ನಾನು ಅವತ್ತು ಸರಿಯಾಗೇ ಇಟ್ಟಿದ್ದೆ," ಎಂದಳು. ಕಾಗದ ನೋಡಿ ಓದಿದ ಹಾಗಿತ್ತು.

"ನಾನೂ ಸರಿಯಾಗೇ ಇಟ್ಟಿದ್ದೆ ಕಣೇ. ಇವತ್ತು ಬೆಳಿಗ್ಗೆ."

ಕೆಳಗಿನ ಮಹಡಿಯಲ್ಲಿ ಯಾರೋ ನಲ್ಲಿ ಬಿಟ್ಟರು. ಖಾಲಿ ಬಕೆಟ್ಟಿಗೆ ನೀರು ಬೀಳುವ ಸದ್ದು ಮೆಟ್ಟಿಲೇರಿ ಬಂತು. ಜೋಡಣೆಯವಳು ಬಾಗಿಲನ್ನು ಮುಚ್ಚಲೂ ಇಲ್ಲ, ತೆರೆಯಲೂ ಇಲ್ಲ.

"ನಮ್ಮಿಬ್ಬರ ಮಧ್ಯೆ ಮೀಟರಕ್ಕ ಕೂರ್ತಿದ್ದಳಲ್ಲ," ಎಂದಳು ಬೆಸುಗೆಯವಳು. "ಒಂದೊಂದು ಸೆಲ್ಲಿಗೂ ಮೀಟರ್ ಮುಟ್ಟಿಸಿ ನನ್ನ ಕಡೆ ತಳ್ಳೋಳು. ಆಗ ನಿನಗೆ ಎಷ್ಟು ತಟ್ಟೆ ವಾಪಸ್ ಬರ್ತಿತ್ತು?"

"ತಿಂಗಳಿಗೆ ಒಂದೋ ಎರಡೋ. 'ನಿನ್ನ ಕೂಸು ಮಗ್ಗುಲು ಬದಲಿಸಿದೆ, ತಗೋ' ಅಂತ ನಗ್ತಾ ತಳ್ಳೋಳು."

"ಅವಳನ್ನ ತೆಗೆದ ಮೇಲೆ?"

"ಒಂದೂ ಬರಲಿಲ್ಲ." ಹೇಳಿದವಳು ತನ್ನ ಮಾತನ್ನು ತಾನೇ ಕೇಳಿಸಿಕೊಂಡವಳಂತೆ ನಿಂತಳು.

"ವಾಪಸಾತಿ ಸೊನ್ನೆ ಅಂತ ಬೋರ್ಡು ಬರೆದು ಕೇಕ್ ಕತ್ತರಿಸಿದರು. ನೆನಪಿದೆಯಾ?"

"ನೀನೂ ತಿಂದೆ."

"ತಿಂದೆ. ಎರಡು ತುಂಡು. ಆಮೇಲೆ ಮೂರು ವಾರಕ್ಕೆ ಕೈ ಸುಟ್ಟುಕೊಂಡೆ."

ಜೋಡಣೆಯವಳು ಬಿಲ್ಲೆಯ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದಳು. "ಸಹಿ ಹಾಕದಿದ್ರೆ ನಾನೂ ಹೊರಗೆ ಅಂದ್ರು. ತಟ್ಟೆ ಸರಿಯಾಗಿತ್ತು ಅಂತ ನನಗೂ ಅನ್ನಿಸಿತ್ತು. ಸುಳ್ಳು ಬರೀತಿದೀನಿ ಅಂತ ಅನ್ನಿಸಿದ್ರೆ..."

"ನಾನು ಅದಕ್ಕೆ ಬಂದಿಲ್ಲ. ನಾಳೆ ನಿನಗೆ ರಜ. ನಲವತ್ತು ಸೆಲ್ಲು ಉಳಿದಿವೆ, ಎಣಿಸಿದಂತೆ ನಲವತ್ತು. ಇನ್ನೊಂದು ಸುಟ್ಟರೆ ಸೋಮವಾರ ಇಲ್ಲ. ನೀನು ಜೋಡಿಸು, ನಾನು ಬೆಸೀತೀನಿ."

"ನಿನ್ನ ಮನೆಗೆ ಬಂದಿದ್ದೆ ಅಂತ ಅಲ್ಲಿ ಗೊತ್ತಾದ್ರೆ?"

"ಗೊತ್ತಾದ್ರೆ ನಿನಗೂ ಒಂದು ಬ್ಯಾಟರಿ ಮಾಡಿಕೊಡ್ತೀನಿ. ಲಾಂಡ್ರಿಗೆ ಇಬ್ಬರೂ ಒಟ್ಟಿಗೇ ಹೋಗೋಣ."

ಜೋಡಣೆಯವಳು ನಗಲಿಲ್ಲ. ಹ್ಞೂಂ ಎನ್ನದೆ, ಊಹ್ಞೂಂ ಎನ್ನದೆ ಬಾಗಿಲು ಹಾಕಿಕೊಂಡಳು.

ಭಾನುವಾರ ಒಂಬತ್ತಕ್ಕೆ ಅವಳು ಬಂದಳು. ಚೀಲದಲ್ಲಿ ತನ್ನದೇ ಹತ್ತಿಯ ಕೈಗವಸು. ಅತ್ತೆಗೆ ನಮಸ್ಕಾರ ಹೇಳಿ, ಸೀದಾ ಮೇಜಿನ ಮುಂದೆ ಕೂತು, "ಗೂಡು ಎಲ್ಲಿ?" ಎಂದಳು. ಬೆಸುಗೆಯವಳು ಜೋಡಿಸಿದ್ದ ಸಾಲುಗಳನ್ನೆಲ್ಲ ಕಳಚಿ ಚಾಪೆಯ ಮೇಲೆ ಸುರಿದಿದ್ದಳು. ಬೆಸೆದು ಮುಗಿದಿದ್ದ ನಾಲ್ಕು ಮಾತ್ರ ಪಕ್ಕಕ್ಕಿದ್ದವು.

"ಸರಿ. ಮಧ್ಯದಲ್ಲಿ ಯಾರು?"

"ನೀನು ಇಟ್ಟಿದ್ದನ್ನ ನಾನೇ ಅಳೆದುಬಿಡ್ತೀನಿ."

"ಅದೆಲ್ಲ ಆಗಲ್ಲ. ಬೆಸೆಯೋ ಕೈಗೆ ಬೆಸೆಯೋದೇ ಅವಸರ. ನಿನ್ನನ್ನ ಒಂಬತ್ತು ವರ್ಷ ನೋಡಿದೀನಿ ನಾನು."

ಇಬ್ಬರೂ ಏಕಕಾಲಕ್ಕೆ ಹೊಸ್ತಿಲ ಕಡೆ ತಿರುಗಿದರು.

"ನನ್ನ ಮುಖ ಯಾಕೆ ನೋಡ್ತೀರಾ?" ಎಂದರು ಅತ್ತೆ. ಆಮೇಲೆ ಕನ್ನಡಕ ಒರೆಸಿಕೊಂಡು ಎದ್ದರು. "ಅಂಕಿ ಓದೋಕೆ ಬರುತ್ತೆ ನನಗೆ. ಸಿಡಿದರೆ ಮಾತ್ರ ಇಬ್ಬರ ಜುಟ್ಟನ್ನೂ ಬಿಡಲ್ಲ. ಎಲ್ಲಿ, ಆ ಮೀಟರ್ ಕೊಡಿ."

ಕೆಂಪು ಕಡ್ಡಿ ಮೇಲೆ, ಕಪ್ಪು ಕಡ್ಡಿ ಕೆಳಗೆ. ಅಂಕಿ ಓದು, ಮುಂದೆ ತಳ್ಳು. ಅತ್ತೆ ಎರಡೇ ಸಾಲಿಗೆ ಪಳಗಿ, ಮೂರನೆಯದಕ್ಕೆ ದರ್ಬಾರು ಶುರು ಮಾಡಿದರು. "ಮೂರು ಚುಕ್ಕಿ ಎಂಟು. ಮೂರು ಚುಕ್ಕಿ ಎಂಟು. ಏ ಮಹರಾಯ್ತಿ, ಕೈ ತೆಗಿ, ಕಾಣಲ್ಲ. ಮೂರು ಚುಕ್ಕಿ ಎಂಟು." ಜೋಡಣೆಯವಳ ಬೆರಳುಗಳು ಸೆಲ್ಲನ್ನು ಎತ್ತಿ, ಒಂದು ಸುತ್ತು ತಿರುಗಿಸಿ, ಕತ್ತು ನೋಡಿ, ಗೂಡಿಗಿಳಿಸುತ್ತಿದ್ದವು. ಒಂಬತ್ತು ವರ್ಷ ಅವಳ ಕೂಗಳತೆಯಲ್ಲೇ ಕೂತಿದ್ದರೂ ಬೆಸುಗೆಯವಳು ಆ ಕೆಲಸವನ್ನು ಇಷ್ಟು ಹತ್ತಿರದಿಂದ ಕಂಡಿರಲಿಲ್ಲ. ಟಕ್, ಮಗುಚು, ಟಕ್. ಅಂಗಳದ ಬಿಸಿಲು ಹೊಸ್ತಿಲು ದಾಟಿ ಮೇಜಿನ ಕಾಲು ಮುಟ್ಟಿತು. ಊಟಕ್ಕೆ ಯಾರೂ ಏಳಲಿಲ್ಲ. ಅತ್ತೆಯೇ ಕರೆಯುವುದನ್ನು ಮರೆತಿದ್ದರು. ಮಾತೂ ಕಮ್ಮಿಯಾಗಿತ್ತು. ಒಂಬತ್ತು ಸಾಲು ಮುಗಿದು ಸಾಲಾಗಿ ಕೂತವು. ತಂತಿ, ಬ್ಯಾಟರಿ ಕಾಯುವ ಪುಟ್ಟ ಸರ್ಕಿಟ್ ಹಲಗೆ, ಸುತ್ತುವ ಹಾಳೆ ಎಲ್ಲ ಪಕ್ಕದಲ್ಲಿ ಸಿದ್ಧವಾಗಿತ್ತು. ಈ ಒಂದು ಸಾಲು ಮುಗಿದರೆ ಸಂಜೆಗೆ ಸೈಕಲ್ಲಿಗೆ ಬ್ಯಾಟರಿ, ಬೆಳಿಗ್ಗೆ ಐದಕ್ಕೆ ದಾರಿ.

"ಮೂರು ಚುಕ್ಕಿ ಎಂಟು," ಎಂದರು ಅತ್ತೆ. "ಮೂರು ಚುಕ್ಕಿ ಎಂಟು." ಮೂರನೆಯದಕ್ಕೆ ಕಡ್ಡಿ ಮುಟ್ಟಿಸಿ ತಡೆದರು. ಕನ್ನಡಕ ಸರಿಮಾಡಿಕೊಂಡು ಮತ್ತೆ ಮುಟ್ಟಿಸಿದರು. "ಇದೂ ಮೂರು ಚುಕ್ಕಿ ಎಂಟೇ. ಆದರೆ ಮುಂದೆ ಒಂದು ಅಡ್ಡಗೆರೆ ಬರ್ತಿದೆಯಲ್ಲ?"



ಜೋಡಣೆಯವಳು ಆ ಸೆಲ್ಲನ್ನು ಗೂಡಿನಿಂದ ಎಳೆದು ಅಂಗೈಯಲ್ಲಿಟ್ಟುಕೊಂಡಳು. ತೋಡು ಕೆಳಗಿತ್ತು. "ನಾನು ನೋಡೇ ಇಟ್ಟೆ," ಎಂದಳು. ಆಮೇಲೆ, ಇನ್ನೂ ತಗ್ಗಿದ ದನಿಯಲ್ಲಿ, "ನಾನು ನೋಡಿದ್ದೆ ಕಣೇ."

"ಗೊತ್ತು," ಎಂದಳು ಬೆಸುಗೆಯವಳು.

"ಏನು, ಇಬ್ಬರೂ ಕಲ್ಲಾದ್ರಾ?" ಅತ್ತೆ ಕಡ್ಡಿಗಳನ್ನು ಎತ್ತಿ ಹಿಡಿದುಕೊಂಡೇ ಕೇಳಿದರು. "ಗೆರೆ ಬಂದರೆ ಏನು ಮಾಡಬೇಕು ಅಂತ ನನಗೆ ಯಾರೂ ಹೇಳಿಲ್ಲ."

"ವಾಪಸ್ ಕೊಡಬೇಕು ಅತ್ತೆ. ಅಷ್ಟೇ."

ಜೋಡಣೆಯವಳು ಕೈಗವಸು ಕಳಚಿ ಪಕ್ಕಕ್ಕಿಟ್ಟಳು. ಬರಿಗೈಯಲ್ಲಿ ಸೆಲ್ಲಿನ ಕತ್ತನ್ನು ಉಗುರಿನಿಂದ ತಡವಿ, ತಿರುಗಿಸಿ, ಗೂಡಿಗೆ ಇಳಿಸಿದಳು. ಇಳಿಸಿದ ಮೇಲೂ ಹೆಬ್ಬೆರಳನ್ನು ಅದರ ನೆತ್ತಿಯಿಂದ ತೆಗೆಯಲಿಲ್ಲ. ಅತ್ತೆ ಕಡ್ಡಿ ಹಿಡಿದು ಕಾದರು. ಬೆಸುಗೆಯವಳು ಪೆಡಲಿನಿಂದ ಕಾಲನ್ನು ಪೂರ್ತಿ ಕೆಳಗಿಳಿಸಿ, ತಾಮ್ರದ ಮೊನೆಗಳನ್ನು ಚಾಪೆಯ ಮೇಲೆ ಮಲಗಿಸಿ, ಕೈಕಟ್ಟಿ ಕೂತಳು.