ಐದು ಹಲ್ಲಿನ ಹಣಿಗೆ

ಹುಳಿ ವಾಸನೆ. ಹುಣಸೆಹಣ್ಣಿಗೆ ಒಲೆಯ ಬೂದಿ ಸೇರಿಸಿ ಹಿತ್ತಾಳೆಯ ಮೇಲೆ ಉಜ್ಜಿದಾಗ ಏಳುವ, ಬಾಯಲ್ಲಿ ನೀರೂರಿಸುವ ವಾಸನೆ. ಮಧ್ಯಾಹ್ನದ ಮಂಪರಿನಲ್ಲಿದ್ದ ಅವಧೂತರು ಒಂದು ಗಳಿಗೆ ಚಿಕ್ಕಂದಿನ ಧಾರವಾಡದ ಮನೆಯ ಬಚ್ಚಲ ಕಟ್ಟೆಯ ಹತ್ತಿರ ಹೋಗಿ ನಿಂತರು. ನವರಾತ್ರಿಗೆ ಮುಂಚೆ ಅವ್ವ ಅಲ್ಲಿ ಕೂತು ದೀಪದ ಕಂಬ, ತಂಬಿಗೆ, ಗಂಟೆ ಎಲ್ಲ ತಿಕ್ಕುತ್ತಿದ್ದಳು. ತೊಳೆದದ್ದನ್ನು ಬಿಸಿಲಿಗಿಡುವ ಕೆಲಸ ಇವರದು. ಸಂಜೆಯವರೆಗೂ ಬೆರಳು ಮೂಸಿ ನೋಡಿಕೊಳ್ಳುತ್ತಿದ್ದರು.

ಆಮೇಲೆ ಸದ್ದು ಕೇಳಿಸಿತು. ದೊಡ್ಡ ಪಾತ್ರೆಯ ಸದ್ದಲ್ಲ. ಚಿಕ್ಕ, ಗಟ್ಟಿ ವಸ್ತುಗಳನ್ನು ಒಂದರ ಪಕ್ಕ ಒಂದು ನೆಲದ ಮೇಲೆ ಇಡುವ ಸದ್ದು. ಅವಧೂತರು ಕನ್ನಡಕವನ್ನೂ ಹುಡುಕದೆ ಎದ್ದರು.

ಪುಣೆಯ ಕೋಥರೂಡದ ಆ ಮೂರನೇ ಮಹಡಿಯ ಮನೆಯ ಹಿಂದಿನ ಬಾಲ್ಕನಿಯಲ್ಲಿ ಮನೆಗೆಲಸದ ಕಲ್ಲವ್ವ ಕೂತಿದ್ದಳು. ಮುಂದೆ ಹಾಸಿದ್ದ ಪೇಪರಿನ ಮೇಲೆ ದೇವರ ಸಾಮಾನುಗಳು, ಅವುಗಳ ಆಚೆ ಅವಧೂತರ ಹನ್ನೊಂದು ಹಿತ್ತಾಳೆಯ ಬೆಲ್ಟ್ ಬಕಲ್‌ಗಳು. ಎಲ್ಲವೂ ಮದುವೆ ಮನೆಯ ಲೋಟಗಳ ಹಾಗೆ ಥಳಥಳ ಹೊಳೆಯುತ್ತಿದ್ದವು.

"ಎದ್ರೇನ್ರಿ ಕಾಕಾ," ಎಂದಳು ಅವಳು ಸಂತೋಷದಿಂದ. "ಕಾಕೂ ಹಿತ್ತಾಳಿ ಎಲ್ಲಾ ತೊಳಿ ಅಂದ್ರು. ಖಂಡೇನವಮಿಗಿ ನಿಮ್ಮವೂ ಪೂಜಾಕ್ಕ ಇಡಬೇಕಲ್ರಿ. ಭಾಳ ಕರ್ರಗ ಆಗಿದ್ವು. ತಿಕ್ಕೋ ಪುಡಿಗಿ ಬಿಡಲಿಲ್ಲ, ನಮ್ಮ ಮನ್ಯಾಗಿಂದ ಬೂದಿ ತಂದೆ."

ಒಳಗಿನಿಂದ ಬಂದ ಅವಧೂತರ ಹೆಂಡತಿ ಸುಮಂಗಲಾ ಒಮ್ಮೆ ಪೇಪರಿನ ಕಡೆ, ಒಮ್ಮೆ ಗಂಡನ ಮುಖದ ಕಡೆ ನೋಡಿ, "ಅಯ್ಯ, ನಾ ದೇವರ ಸಾಮಾನ ಅಂದಿದ್ದೆನವಾ," ಎಂದರು ಮೆಲ್ಲಗೆ. ಕಲ್ಲವ್ವನ ಕೈ ಅಲ್ಲೇ ನಿಂತಿತು.

ಅವಧೂತರು ಹಡಪಸರದ ಒಂದು ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ತಪಾಸಣೆಯ ಕೆಲಸ ಮಾಡಿ ನಿವೃತ್ತರಾದವರು. ಪುಣೆಯಲ್ಲಿ ಕಾಲೇಜು ಓದುವಾಗ ಕ್ಯಾಂಪ್ ಪ್ರದೇಶದ ಥಿಯೇಟರಿನಲ್ಲಿ ಬೆಳಗಿನ ಆಟಕ್ಕೆ ಅಮೆರಿಕದ ಕೌಬಾಯ್ ಸಿನೆಮಾಗಳು ಬರುತ್ತಿದ್ದವು. ಗೆಳೆಯರು ಕುದುರೆ, ಪಿಸ್ತೂಲು ನೋಡುತ್ತಿದ್ದರೆ ಇವರ ಕಣ್ಣು ಬೆಲ್ಟಿನ ಬಕಲ್ ಮೇಲೆ ನಿಲ್ಲುತ್ತಿತ್ತು. ಅಂಥ ಬಕಲ್‌ಗಳನ್ನು ಕೂಡಿಸುವುದು, ಯಾವುದು ಯಾವ ಸಿನೆಮಾದ್ದು, ಯಾರು ಎರಕ ಹೊಯ್ದದ್ದು, ಯಾರ ಕೈಯಿಂದ ಯಾರ ಕೈಗೆ ಬಂತು ಎಂದು ಪತ್ತೆ ಹಚ್ಚುವುದು ಅವರ ಹವ್ಯಾಸ. "ಕಂಡವರ ಹೊಟ್ಟಿ ನೋಡಿ ನೋಡಿ ಇವರಿಗೆ ಚಾಳೀಸು ಲಗೂ ಬಂತು," ಎಂದು ಸುಮಂಗಲಾ ಬಂದವರ ಮುಂದೆ ಹೇಳುತ್ತಿದ್ದರು. ಆದರೆ ಬಕಲ್‌ಗಳ ಕೆಳಗೆ ಹಾಸುವ ಮೆತ್ತನೆ ಬಟ್ಟೆಯನ್ನು ತಮ್ಮ ಹಳೆ ರೇಶಿಮೆ ಸೀರೆಯಿಂದ ಕತ್ತರಿಸಿ ಕೊಟ್ಟವರೂ ಅವರೇ.

ಹನ್ನೊಂದರಲ್ಲಿ ಗೂಳಿಯ ತಲೆಯ ಬಕಲ್ ಎಲ್ಲಕ್ಕಿಂತ ಮುಖ್ಯವಾದದ್ದು. ತೊಂಬತ್ಮೂರರಲ್ಲಿ ಜೂನಾ ಬಜಾರಿನ ಗುಜರಿ ರಾಶಿಯಲ್ಲಿ ಸಿಕ್ಕಿತ್ತು. ಒಂದು ಹಳೆಯ ಅಮೆರಿಕದ ಸಿನೆಮಾದಲ್ಲಿ ಇಸ್ಪೀಟು ಆಡುವ ಮನುಷ್ಯನೊಬ್ಬನ ಸೊಂಟದಲ್ಲಿ ಥೇಟ್ ಅಂಥದೇ ಬಕಲ್ ಇತ್ತು. ಮುಂದಿನ ಶನಿವಾರ ಕೋಥರೂಡದ ಸಭಾಗೃಹದಲ್ಲಿ ಹವ್ಯಾಸಿಗಳ ಪ್ರದರ್ಶನ. ಗೂಳಿಗೆ ನಡುವಿನ ಗಾಜಿನ ಪೆಟ್ಟಿಗೆ ಕೊಡುವುದಾಗಿ ಪ್ರದರ್ಶನ ನಡೆಸುವ ವಿನೀತ ಹೇಳಿದ್ದ. ಅವಧೂತರು ಅದರ ಚರಿತ್ರೆಯನ್ನು ನಾಲ್ಕು ಪುಟ ಬರೆದಿದ್ದರು. ಪುಣೆಗೆ ಹೇಗೆ ಬಂತು ಎನ್ನುವಲ್ಲಿ ಮಾತ್ರ 'ಯುದ್ಧಕಾಲದ ಸೈನಿಕನೊಬ್ಬ ತಂದಿರಬಹುದು' ಎಂದಿತ್ತು. ಸೈನಿಕ ಅವರ ಊಹೆ. "ಆ 'ಬಹುದು' ತೆಗೀರಿ ಅಂಕಲ್, ಚೆನ್ನಾಗಿರಲ್ಲ. ಗುರುವಾರದೊಳಗೆ ಪೆಟ್ಟಿಗೆ ಪಕ್ಕ ಇಡೋ ಕಾರ್ಡ್ ಕಳಿಸಿ," ಎಂದು ವಿನೀತ ಫೋನಿನಲ್ಲಿ ಹೇಳಿದ್ದ. ಅವನು ಬೆಂಗಳೂರಿನ ಹುಡುಗ, ಎಲ್ಲದಕ್ಕೂ ಅವಸರ.

ಗೂಳಿಯ ಮೈಮೇಲಿನ ಆ ಕಪ್ಪು, ವಯಸ್ಸಿನ ಸಾಕ್ಷಿ, ಈಗ ಬಕೆಟ್ಟಿನ ನೀರಿನಲ್ಲಿತ್ತು.

ಅವಧೂತರು ಬಕಲ್ ಎತ್ತಿಕೊಂಡರು. ಬೈದರೆ ಬೈಯಿಸಿಕೊಳ್ಳಲು ಸಿದ್ಧಳಾಗಿ ಕಲ್ಲವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ಅವಳು ಮನೆಯಿಂದ ಹೊತ್ತು ತಂದ ಬೂದಿಯ ಪ್ಲಾಸ್ಟಿಕ್ ಚೀಲ ಮೂಲೆಯಲ್ಲಿ ಅಚ್ಚುಕಟ್ಟಾಗಿ ಗಂಟು ಹಾಕಿಕೊಂಡು ಕೂತಿತ್ತು. ಅದನ್ನು ನೋಡಿದ ಮೇಲೆ ಅವಧೂತರಿಗೆ ಬೈಯುವುದು ಆಗಲಿಲ್ಲ. ಬಕಲ್ ತಿರುಗಿಸಿದರು. ಬೆನ್ನಿನ ಮೇಲೆ, ಇಷ್ಟು ವರ್ಷ ಕೊಳೆ ತುಂಬಿದ್ದ ಕಡೆ, ಏನೋ ಕಂಡಿತು. ಒಂದು ಅಡ್ಡಗೆರೆ, ಅದರಿಂದ ಕೆಳಗಿಳಿದ ಐದು ಪುಟ್ಟ ಗೆರೆಗಳು. ಚುಕ್ಕಿ ಚುಕ್ಕಿಯಾಗಿ ಉಳಿಯಿಂದ ಹೊಡೆದದ್ದು.

"ಸುಮಾ, ಭಿಂಗ ಕೊಡು," ಎಂದರು.

ಸುಮಂಗಲಾ ಭೂತಗನ್ನಡಿ ತರುವುದರೊಳಗೆ ಕಲ್ಲವ್ವ ಬಗ್ಗಿ ನೋಡಿ, "ಇದು ಚಂದಮ್ಮ ಆಯಿ ಹಣಿಗಿ," ಎಂದಳು.

"ಏನು?"

"ಹಣಿಗಿರಿ. ತಲಿ ಹಿಕ್ಕೋದು. ನಮ್ಮ ಕಡಿ ಕಲ್ಲ ಒಡೆಯೋ ಮಂದಿ ಒಂದೇ ಕಡಿ ಡೇರೆ ಹಾಕ್ತಾರ, ಎಲ್ಲರ ಭಾಂಡೆ-ಪಾತ್ರಿನೂ ಒಂದೇ ನಮೂನಿ. ಅಕ್ಷರ ಬಂದೋರು ಹೆಸರು ಹಾಕಿಸ್ತಾರ. ನಮಗೆಲ್ಲಿ ಬರಬೇಕು? ಗುರ್ತು ಹೊಡ್ಕೋತೀವಿ. ಒಬ್ಬರದು ಚೇಳು, ಒಬ್ಬರದು ಚಂದ್ರಾಮ. ನಮ್ಮವ್ವಂದು ಕ್ವಾಣದ ಕೊಂಬು. ಚಂದಮ್ಮ ಆಯಿದು ಹಣಿಗಿ, ಐದು ಹಲ್ಲು. ಆಕಿ ಗಂಗಾಳ ಎಷ್ಟು ಸಲ ತೊಳದೀನಿ ನಾ."

"ಎಲ್ಲಿದ್ದಾರ ಅವರು?"

"ಹಡಪಸರದಾಗ, ಮಗಳು ಭಾಗ್ಯಾನ ಮನ್ಯಾಗ." ಅವಳು ಸ್ವಲ್ಪ ತಡೆದು ಕೇಳಿದಳು, "ಕಾಕಾ, ಕೆಟ್ಟು ಹೋತೇನ್ರಿ ಅದು?"

ಅವಧೂತರು ಭೂತಗನ್ನಡಿ ಹಿಡಿದು ಹಲ್ಲು ಎಣಿಸಿದರು. ಸುಮಂಗಲಾ ಚಹಾದ ಕಪ್ಪನ್ನು ಮೊದಲು ಕಲ್ಲವ್ವನ ಕೈಗೆ ಕೊಟ್ಟರು.

ಸಂಜೆ ಅವಧೂತರು ಮೇಜಿನ ಮುಂದೆ ಕೂತು ಅಳತೆಯ ವರ್ನಿಯರ್ ಕ್ಯಾಲಿಪರ್ ತೆಗೆದರು. ಅಳತೆ ಅವರಿಗೆ ಬಾಯಿಪಾಠವಾಗಿತ್ತು. ಆದರೂ ಅಳೆದರು. ಎಂಬತ್ತೆಂಟೂವರೆ ಮಿಲಿಮೀಟರ್. ಇಂಥದೇ ಬಕಲ್ ಇಟ್ಟುಕೊಂಡಿರುವ ಅಮೆರಿಕದ ಹವ್ಯಾಸಿಯೊಬ್ಬ ಕಾಗದದಲ್ಲಿ ತನ್ನದು ತೊಂಬತ್ತು ಎಂದು ಬರೆದಿದ್ದ. ಒಂದು ಎರಕದ ವಸ್ತುವಿನಿಂದ ಅಚ್ಚು ತೆಗೆದು ಇನ್ನೊಂದನ್ನು ಹೊಯ್ದರೆ, ಲೋಹ ಆರುವಾಗ ಕುಗ್ಗಿ ನಕಲು ಯಾವಾಗಲೂ ಕೂದಲೆಳೆ ಚಿಕ್ಕದಾಗುತ್ತದೆ. ಅವಧೂತರಿಗೆ ಇದು ಗೊತ್ತಿಲ್ಲದ್ದಲ್ಲ. ಕಾರ್ಖಾನೆಯಲ್ಲಿ ಮಿಲಿಮೀಟರಿನ ಹತ್ತನೇ ಒಂದು ಭಾಗ ಕಡಿಮೆಯಾದರೂ ವಸ್ತುವನ್ನು ಕೆಂಪು ಬುಟ್ಟಿಗೆ ಹಾಕುತ್ತಿದ್ದ ಕೈ, ಮನೆಯಲ್ಲಿ ಮೂವತ್ತು ವರ್ಷದಿಂದ ಒಂದೂವರೆ ಮಿಲಿಮೀಟರನ್ನು 'ಸವೆದಿರಬೇಕು' ಎಂದು ಪಾಸು ಮಾಡುತ್ತ ಬಂದಿತ್ತು.

"ಪೆಟಿಗ್ಯಾಗ ಬೆನ್ನು ಕೆಳಗಿರ್ತದ," ಎಂದರು ಅವರು ಯಾರಿಗೋ ಹೇಳಿದಂತೆ. "ಯಾರಿಗೂ ಕಾಣಂಗಿಲ್ಲ."

ಸುಮಂಗಲಾ ಬೆಳ್ಳುಳ್ಳಿ ಸುಲಿಯುತ್ತಿದ್ದರು. "ಕಾಣಂಗಿಲ್ಲ ಖರೆ," ಎಂದರು. ಇನ್ನೆರಡು ಎಸಳು ಸುಲಿದ ಮೇಲೆ, "ನಾಳೆ ಬಿಸಿಲು ಭಾಳ ಇರ್ತದ, ಟೊಪಗಿ ಹಾಕ್ಕೊಂಡು ಹೋಗ್ರಿ," ಎಂದರು.

ಕೋಥರೂಡದಿಂದ ಹಡಪಸರಕ್ಕೆ ಊರನ್ನು ಈ ತುದಿಯಿಂದ ಆ ತುದಿಗೆ ದಾಟಬೇಕು. ಸ್ವಾರಗೇಟಿನಲ್ಲಿ ಬಸ್ಸು ಬದಲಾಯಿಸುವಾಗ ಕಂಡಕ್ಟರು ಮರಾಠಿಯಲ್ಲಿ "ನಿಧಾನ ಹತ್ತಿ, ನಿಂತಿರ್ತೀನಿ," ಎಂದು ಅವಧೂತರು ಕೂರುವವರೆಗೂ ಸೀಟಿ ಹಿಡಿದುಕೊಂಡೇ ಇದ್ದ. ಜೊತೆಗೆ ಬಂದ ಕಲ್ಲವ್ವ ಕಿಟಕಿಯ ಬದಿ ಅವರಿಗೆ ಬಿಟ್ಟು, ಬಿಸಿಲು ಈ ಕಡೆ ತಿರುಗಿದಾಗ ತಾನೇ ಜಾಗ ಬದಲಿಸಿಕೊಂಡಳು. ಗೂಳಿ ಅವಧೂತರ ಜೇಬಿನಲ್ಲಿ ಸುಮಂಗಲಾ ಅವರ ರೇಶಿಮೆಯಲ್ಲಿತ್ತು.

ಚಂದಮ್ಮ ಮನೆಯ ಮುಂದಿನ ನೆರಳಲ್ಲಿ ಕಾಲು ಚಾಚಿ ಕೂತು ಯಾರದೋ ರುಬ್ಬುವ ಕಲ್ಲಿಗೆ ಉಳಿಯಿಂದ ಚುಕ್ಕಿ ಹೊಡೆಯುತ್ತಿದ್ದಳು. ವಯಸ್ಸು ಎಪ್ಪತ್ತು ದಾಟಿತ್ತು. ಒಂದು ಕಣ್ಣಿಗೆ ಪೊರೆ ಬಂದಿತ್ತು, ಆದರೂ ಪೆಟ್ಟು ತಪ್ಪುತ್ತಿರಲಿಲ್ಲ.

"ಆಯಿ, ನಮ್ಮ ಕೋಥರೂಡದ ಕಾಕಾ ಬಂದಾರ," ಎಂದಳು ಕಲ್ಲವ್ವ.

"ಬರ್ರಿ, ಕೂಡ್ರಿ. ಭಾಗ್ಯಾ ಡ್ಯೂಟಿಗಿ ಹೋಗ್ಯಾಳ, ಚಹಾಕ್ಕ ಹಾಲಿಲ್ಲ ನೋಡ್ರಿ," ಎಂದು ಚಂದಮ್ಮ ಕಲ್ಲಿನ ಪುಡಿ ಕೊಡವಿಕೊಂಡಳು.

ಅವಧೂತರು ಬಕಲ್ಲನ್ನು ಅವಳ ಅಂಗೈಯಲ್ಲಿಟ್ಟರು. ಅವಳು ಗೂಳಿಯ ಕಡೆ ನೋಡಲೇ ಇಲ್ಲ. ತಿರುಗಿಸಿ ಹೆಬ್ಬೆರಳಿನಿಂದ ಬೆನ್ನು ಸವರಿದಳು. ಬೆರಳು ಒಂದೊಂದೇ ಹಲ್ಲು ದಾಟಿ ಕೊನೆಯದರ ಮೇಲೆ ನಿಂತಿತು.

"ಎಲ್ಲಿತ್ತಿದು?" ಎಂದಳು.

"ಜೂನಾ ಬಜಾರದಾಗ ಸಿಕ್ಕಿತ್ರಿ. ಮೂವತ್ತು ವರ್ಷದ ಮ್ಯಾಲಾತು."

"ಸಾಸವಡದ ಘಾಟಿನಾಗ ರೋಡಿಗಿ ಕಲ್ಲು ಖಡಿ ಒಡಿತಿದ್ವಿ ನಾವು. ಹೊಸದಾಗಿ ಮದಿವಿ ಆಗಿತ್ತು. ಪಿಚ್ಚರ್ ಮಂದಿ ಬಂದು ಬೋಳ ಗುಡ್ಡದ ಮ್ಯಾಲ ಕಟಗಿ ಊರು ಕಟ್ಟಿದ್ರು. ಮುಂದ ಗ್ವಾಡಿ, ಹಿಂದ ಏನಿಲ್ಲ, ಬರೇ ಕೋಲು. ಇಂಗ್ಲೀಷ್ ಪಿಚ್ಚರಿನಂಗ ತೆಗಿತೀವಿ, ಗಡ್ಡ ಇದ್ದೋರು ಬರ್ರಿ ಅಂದ್ರು. ನಮ್ಮ ಮನಿಯವರಿಗಿ ಗಡ್ಡ ಇತ್ತು. ಬರೇ ಎಮ್ಮಿ ಮ್ಯಾಲ ಕುಂತಾಂವ, ಕುದರಿ ಬರ್ತದ ಅಂತ ಸುಳ್ಳ ಹೇಳಿ ಹೋದ."

"ಬಿದ್ದನೇನಾಯಿ?" ಎಂದಳು ಕಲ್ಲವ್ವ.

"ಎರಡು ಸಲ. ಹಲ್ಲು ಕಿಸದು ಎದ್ದ. ಹಂಗೇ ಬೀಳು ಅಂದ್ರಂತ ಅವರು, ಚಲೋ ಬಿದ್ದಿ ಅಂತ."

ಅವಧೂತರು ಕೇಳಿದರು, "ಬಕಲ್ ಎಲ್ಲಿಂದ ತಂದ್ರು ಅವರು?"

"ಮುಂಬೈದಾಂವ ಒಬ್ಬ ಪರದೇಶದ್ದು ಒಂದು ತಂದಿದ್ದ. ಅದನ್ನ ಮಣ್ಣಾಗ ಒತ್ತಿ, ಪೇಟ್ಯಾಗ ಹಿಂತಾವೇ ನಲವತ್ತು ಎರಕ ಹೊಯ್ಸಿದ್ರು."

ಎಲ್ಲಿಯೂ ಕೂರದೆ ಇಷ್ಟು ವರ್ಷ ಅಡ್ಡಾಡುತ್ತಿದ್ದ ಆ ಒಂದೂವರೆ ಮಿಲಿಮೀಟರ್ ತನ್ನ ಜಾಗಕ್ಕೆ ಹೋಗಿ ಕೂತದ್ದು ಅವಧೂತರಿಗೆ ತಿಳಿಯಿತು. ಬೇಸರವಾಗಬೇಕಿತ್ತು. ಬದಲಿಗೆ ಬಿಗಿ ಚಪ್ಪಲಿ ಕಳಚಿದ ಹಾಗಾಯಿತು.

"ಮಧ್ಯಾಹ್ನ ಬಕಲ್ ತೋರ್ಸಿದ್ರ ಊಟದ ಪೊಟ್ಟಣ," ಚಂದಮ್ಮ ಮುಂದುವರಿಸಿದಳು. "ಅದೇ ಗುರುತು. ಒಂದಿನ ಯಾವನೋ ಇವರದು ಕದ್ದು ಎರಡು ಪೊಟ್ಟಣ ಹೊಡದ. ಇವರು ನೀರು ಕುಡದು ದಿನಪೂರ್ತಿ ಕುದರಿ ಮ್ಯಾಗ. ಸಂಜಿಗಿ ಅದು ಮತ್ತ ಸಿಗ್ತು. ನಾ ಆಗಿಂದಾಗ ಉಳಿ ತಗೊಂಡು ನನ್ನ ಹಣಿಗಿ ಹೊಡದೆ. ಇನ್ನ ಯಾರು ಒಯ್ತಾರ ನೋಡೂಣ ಅಂದೆ." ಅವಳು ನಕ್ಕಳು. "ಪೊಟ್ಟಣದಾಗ ಆರು ಪೂರಿ. ಮೂರು ತಿಂತಿದ್ದ, ಮೂರು ನನಗ ತರ್ತಿದ್ದ. ನನಗ ಸಾಕಾತು ಅಂತ ಸುಳ್ಳ ಹೇಳೋದು."

"ಪಿಚ್ಚರ್ ಬಂತೇನ್ರಿ?" ಎಂದರು ಅವಧೂತರು.

"ಬಂತೋ ಇಲ್ಲೋ. ಕಡಿ ದಿನ ಯಾರೂ ಬಕಲ್ ಕೇಳಲಿಲ್ಲ. ಸಾಯೋತನಕ ಅದನ್ನೇ ಕಟ್ಟಿದ. ಆಮ್ಯಾಲ ಭಾಗ್ಯಾಗ ಸಾಲಿಗಿ ಬುತ್ತಿ ಒಯ್ಯಲಾಕ ಡಬ್ಬಿ ಬೇಕಿತ್ತು. ಹಳೀ ಹಿತ್ತಾಳಿಗಿ ಸ್ಟೀಲ್ ಕೊಡಾಂವ ಬಂದಿದ್ದ. ನನ್ನ ತಂಬಗಿ ತೂಕಕ್ಕ ಕಡಿಮಿ ಬಿತ್ತು. ಇದನ್ನ ಹಾಕಿದೆ." ಅವಳು ಅಂಗೈಯನ್ನು ಮುಚ್ಚಿ ಮತ್ತೆ ತೆರೆದಳು.

"ನೀವೇ ಇಟ್ಕೋರಿ," ಎಂದರು ಅವಧೂತರು. ಹೇಳಿದ ಮೇಲೆ, ತಾವು ಹೇಳಿದ್ದು ಖರೆ ಎಂದು ಅವರಿಗೇ ಗೊತ್ತಾಯಿತು.

"ನಾ ಇಟ್ಟು ಏನ ಮಾಡ್ಲಿ? ಕಲ್ಲವ್ವ ಮೊದಲೇ ಹೇಳಿದ್ಲು, ನಿಮ್ಮ ಬಕಲ್ ಕಾಜಿನ ಪೆಟಗ್ಯಾಗ ಇಡ್ತಾರ ಅಂತ. ನಾಕು ಮಂದಿ ನೋಡ್ಲಿ." ಅವಳು ಬಕಲ್ಲನ್ನು ಅವರ ಕೈಗೆ ತಿರುಗಿ ಕೊಟ್ಟಳು, ಬೆನ್ನು ಮೇಲೆ ಮಾಡಿ.

ಅವಧೂತರು ಕಿಸೆಯಿಂದ ಖಾಲಿ ಕಾರ್ಡು, ಪೆನ್ನು ತೆಗೆದರು. "ಹಿಂಗೇ ಇಡ್ತೀನ್ರಿ, ಬೆನ್ನು ಮ್ಯಾಲೆ. ಅವರ ಹೆಸರು ಹೇಳ್ರಿ, ಬರೀತೀನಿ."

ಚಂದಮ್ಮ ಸೆರಗು ಎಳೆದುಕೊಂಡು ಮುಖ ಆಚೆ ತಿರುಗಿಸಿದಳು. ಗಂಡನ ಹೆಸರನ್ನು ಹಾಗೆ ಬಿಡಿಸಿ ಹೇಳುವುದುಂಟೆ? "ನೀ ಹೇಳ ಕಲ್ಲವ್ವ," ಎಂದಳು.

"ನಾ ಒಲ್ಲೆ. ಮದಿವ್ಯಾಗ ಹೇಳಿದಂಗ ಒಡಪು ಕಟ್ಟಿ ಹೇಳು ಆಯಿ. ಹೇಳಿದ ಹೊರ್ತು ಬಿಡಂಗಿಲ್ಲ."

"ಹುಚ್ಚ ಮುಂಡೆ," ಎಂದು ಬೈದು ಚಂದಮ್ಮ ರುಬ್ಬುವ ಕಲ್ಲಿನ ಕಡೆ ತಿರುಗಿದಳು. ತುಟಿಗಳು ಅಲ್ಲಾಡಿದವು. ಆಮೇಲೆ ಹೊಸ ಸೊಸೆಯ ದನಿಯಲ್ಲಿ ಹೇಳಿದಳು:

"ಬಿಳೀ ಕುದರಿ ಮ್ಯಾಲ ಹಿತ್ತಾಳಿ ಬಣ್ಣ,
ಮೂರು ಪೂರಿ ಉಳಿಸಿ ತಂದಾಂವ ನನ್ನ ಅವ್ವಣ್ಣ."

ಅವಧೂತರು ಅವ್ವಣ್ಣನ ಹೆಸರನ್ನೂ ಕಥೆಯನ್ನೂ ಕಾರ್ಡಿನಲ್ಲಿ ಬರೆದರು. 'ಬಹುದು' ಎಲ್ಲಿಯೂ ಬೇಕಾಗಲಿಲ್ಲ. ಬರೆದದ್ದನ್ನು ಓದಿ ಹೇಳಿದಾಗ ಚಂದಮ್ಮ, "ಹಣಿಗಿ ಸೈತ ತೆಗೀರಿ ಅದರಾಗ," ಎಂದಳು. ಅವರು ಹೆಸರಿನ ಪಕ್ಕ ಐದು ಹಲ್ಲು ಬರೆದರು. ಕಲ್ಲವ್ವ ಬಗ್ಗಿ ಎಣಿಸಿ ತಲೆಯಾಡಿಸಿದಳು.

ಹೊರಡಲು ಎದ್ದಾಗ ಹೊತ್ತು ಒಂದೂವರೆಯಾಗಿತ್ತು. ಚಂದಮ್ಮ ಮೊಣಕಾಲು ಹಿಡಿದುಕೊಂಡು ಒಳಗೆ ಹೋದಳು. ಪಾತ್ರೆಯ ಸದ್ದು, ಮುಚ್ಚಳದ ಸದ್ದು ಕೇಳಿತು. ಹೊರಗೆ ಬಂದವಳು ಒಂದು ಸ್ಟೀಲ್ ಡಬ್ಬಿಯನ್ನು ಅವಧೂತರ ಕೈಗಿಟ್ಟಳು. ಶಾಲೆಗೆ ಬುತ್ತಿ ಒಯ್ಯುವಂಥ ಹಳೆಯ ಡಬ್ಬಿ, ಒಂದು ಮಗ್ಗುಲು ತಗ್ಗು ಬಿದ್ದಿತ್ತು. ಜೋಳದ ರೊಟ್ಟಿಯ, ಪುಂಡಿಪಲ್ಲೆಯ ವಾಸನೆ ಬರುತ್ತಿತ್ತು. ಅವರು ಎರಡೂ ಕೈಯಲ್ಲಿ ಹಿಡಿದುಕೊಂಡರು. ಬಿಸಿಯಾಗಿದ್ದ ತಳದ ಮೇಲೆ ಅವರ ಬೆರಳಿಗೆ ಚುಕ್ಕಿಗಳು ಹತ್ತಿದವು, ಒಂದು ಅಡ್ಡ, ಕೆಳಗೆ ಐದು.