ಕುದಿಸಿದ ಕಲ್ಲು

“ಪುಟ್ಟಾ, ನಿನ್ನ ಕಲ್ಲು ಬೆಂದಿದ್ಯೋ ಇಲ್ವೋ ಬಂದು ನೋಡೋ,” ಎಂದು ಅಕ್ಕ ಅಡುಗೆಮನೆಯಿಂದ ಕೂಗಿದಳು. “ಸೌಟಲ್ಲಿ ಅಮುಕಿ ನೋಡ್ದೆ. ಮೆತ್ತಗಾಗೋ ಲಕ್ಷಣವೇ ಕಾಣ್ತಿಲ್ಲ.”

ಹಜಾರದ ನೆಲಕ್ಕೆ ಕೆನ್ನೆಯಿಟ್ಟು, ಕಬ್ಬಿಣದ ಸ್ಟ್ಯಾಂಡು ಕೂದಲೆಳೆಯಷ್ಟಾದರೂ ವಾಲಿದೆಯೇ ಎಂದು ರಸಮಟ್ಟದಲ್ಲಿ ನೋಡುತ್ತಿದ್ದ ಈ ಪುಟ್ಟನಿಗೆ ಐವತ್ತಾರು ತುಂಬಿತ್ತು. ಪುಟ್ಟ ಎನ್ನುವುದು ಅಕ್ಕನ ಬಾಯಲ್ಲಿ ಮಾತ್ರ. ಆಸ್ಪತ್ರೆಯಲ್ಲಿ ಅವನು ಹಬೆರಾಯ. ಆಪರೇಷನ್ ಥಿಯೇಟರಿನ ಕತ್ತರಿ, ಚಿಮಟ, ಬಟ್ಟೆಗಳನ್ನು ಹಬೆಯ ಯಂತ್ರಕ್ಕೆ ತುಂಬಿ ಅವುಗಳ ಮೇಲಿನ ಕ್ರಿಮಿಯ ವಂಶವನ್ನೇ ತೊಳೆದುಹಾಕುವುದು ಅವನ ಕೆಲಸ. ಮೂವತ್ತು ವರ್ಷ ಅದೊಂದೇ ಕೆಲಸ ಮಾಡಿದವನಿಗೆ ಅಲ್ಲಿನವರು ಇಟ್ಟ ಹೆಸರು ಅದು, ಅವನಿಗೂ ಅದರ ಮೇಲೆ ಒಳಗೊಳಗೇ ಹೆಮ್ಮೆ.

ಹೆದರುವುದರಲ್ಲಿ ಹಬೆರಾಯ ಎತ್ತಿದ ಕೈ. ಮದುವೆಯನ್ನೂ ಹೀಗೇ ಯೋಚಿಸಿ ಯೋಚಿಸಿ ತಪ್ಪಿಸಿಕೊಂಡ ಎಂದು ಅಕ್ಕ ಹಂಗಿಸುತ್ತಿದ್ದಳು. ಅಂಥವನಿಗೆ ಮನೆಯೊಳಗೊಂದು ಸಮುದ್ರ ಇಟ್ಟುಕೊಳ್ಳುವ ಹುಚ್ಚು ಹೇಗೆ ಹತ್ತಿತೋ ದೇವರಿಗೇ ಗೊತ್ತು. ಆರು ಅಡಿ ಉದ್ದದ ಗಾಜಿನ ತೊಟ್ಟಿ, ಏಳುನೂರು ಲೀಟರ್ ಉಪ್ಪುನೀರು, ಒಳಗೆ ಕಲ್ಲಿನ ದಿಬ್ಬ, ದಿಬ್ಬದ ಮೇಲೆ ಬದುಕಿರುವ ಹವಳ, ಅವುಗಳ ನಡುವೆ ನುಸುಳುವ ಮೀನು. ಒಂದು ವರ್ಷ ಅವನು ಮಾಡಿದ್ದು ಬರೀ ತಯಾರಿ. ನೆಲ ಒಂದು ಟನ್ ಭಾರ ತಾಳೀತೇ ಎಂದು ಇಬ್ಬರು ಎಂಜಿನಿಯರುಗಳನ್ನು ಕರೆಸಿ ಕೇಳಿದ, ಇಬ್ಬರೂ ತಾಳುತ್ತದೆ ಎಂದಮೇಲೆ ಮೂರನೆಯವರನ್ನು ಕೇಳಿದ. ಕರೆಂಟು ಹೋದರೆ ಪಂಪು ನಡೆಸಲು ಬ್ಯಾಟರಿ, ಬ್ಯಾಟರಿ ಕೆಟ್ಟರೆ ಇನ್ನೊಂದು ಬ್ಯಾಟರಿ. ಗಾಜು ಬಿರಿದರೆ ನೀರು ಯಾವ ಕಡೆ ಹರಿದೀತು ಎಂದು ಒಂದು ಬಕೆಟ್ ನೀರು ಹಜಾರದಲ್ಲಿ ಚೆಲ್ಲಿಯೂ ನೋಡಿದ್ದ. ಅವತ್ತು ಅಕ್ಕ ಒಂದು ಹೊತ್ತು ಮಾತು ಬಿಟ್ಟಿದ್ದಳು.

ಆಮೇಲೆ ಕಲ್ಲುಗಳು ಬಂದವು. ಊರಿನ ಇನ್ನೊಂದು ತುದಿಯಲ್ಲಿ ಯಾರೋ ತಮ್ಮ ತೊಟ್ಟಿ ಬಿಚ್ಚಿಹಾಕುತ್ತಿದ್ದರು, ಅವರ ಹತ್ತಿರ ಸಿಕ್ಕಿದ್ದು. ತೂತು ತೂತಾದ, ಹಗುರವಾದ ಸಮುದ್ರದ ಕಲ್ಲುಗಳು. ಅವುಗಳ ಮೈಮೇಲೆ ಅಂಗಿಯ ಗುಂಡಿಯಷ್ಟಗಲದ, ಮೆತ್ತನೆಯ ಕಂದು ಜೀವಿಗಳು ಒತ್ತೊತ್ತಾಗಿ ಅಂಟಿಕೊಂಡಿದ್ದವು. ಅಕ್ವೇರಿಯಂ ಅಂಗಡಿಯವನು ಫೋಟೋ ನೋಡಿ, “ಹಳೇ ಕಲ್ಲು ಸರ್, ಹುಳಹುಪ್ಪಟೆ ಇರುತ್ತೆ. ಬೇರೆ ಡ್ರಮ್ಮಲ್ಲಿ ಉಪ್ಪುನೀರಲ್ಲಿ ಒಂದು ತಿಂಗಳು ಇಟ್ಟು ನೋಡಿ. ಅವಸರ ಮಾಡ್ಬೇಡಿ,” ಎಂದಿದ್ದ. ಹಬೆರಾಯ ಹೂಂ ಎಂದು ಫೋನಿಟ್ಟ. ಕ್ರಿಮಿಗೆ ತಿಂಗಳ ಗಡುವು ಕೊಡುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಕುದಿಯುವ ನೀರಿನ ಮುಂದೆ ಉಳಿದುಕೊಂಡ ಜೀವವನ್ನು ಅವನು ಮೂವತ್ತು ವರ್ಷದಲ್ಲಿ ಕಂಡಿರಲಿಲ್ಲ.

ಆ ಬೆಳಿಗ್ಗೆ ಮನೆಯ ಅತಿ ದೊಡ್ಡ ಪಾತ್ರೆಯನ್ನು ಒಲೆಯ ಮೇಲಿಟ್ಟು, ಗಾಳಿಗೆ ಉರಿ ಆರೀತು ಎಂದು ಕಿಟಕಿ ಭದ್ರವಾಗಿ ಮುಚ್ಚಿದ. “ಅಕ್ಕಾ, ಹೇಗೂ ಇಲ್ಲೇ ಕೂತು ಬೀನ್ಸ್ ಬಿಡಿಸ್ತೀಯಲ್ಲ, ಉಕ್ಕದ ಹಾಗೆ ಒಂದು ಕಣ್ಣಿಟ್ಟಿರು,” ಎಂದ.

“ಅನ್ನಕ್ಕೆ ಕಣ್ಣಿಟ್ಟಿದ್ದಾಯ್ತು, ಹಾಲಿಗೆ ಕಣ್ಣಿಟ್ಟಿದ್ದಾಯ್ತು, ಇನ್ನು ಕಲ್ಲೊಂದು ಬಾಕಿಯಿತ್ತು,” ಎಂದು ಅಕ್ಕ ಒಲೆಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡಳು.

ಈಗ ಅವನು ಒಳಗೆ ಬಂದಾಗ ಅಡುಗೆಮನೆಯ ಗೋಡೆಗಳು ಬೆವರುತ್ತಿದ್ದವು. ಸಮುದ್ರದ ದಂಡೆಯಲ್ಲಿ ಏನೋ ಕೊಳೆತಂಥ ವಾಸನೆ. ಅವನು ಪಾತ್ರೆಯ ಮೇಲೆ ಬಾಗಿ ಇಕ್ಕಳದಿಂದ ಒಂದೊಂದೇ ಕಲ್ಲು ಎತ್ತಿ ತಿರುಗಿಸಿ ನೋಡಿದ. ಗುಂಡಿಗಳೆಲ್ಲ ಕರಗಿ ಕಂದು ನೊರೆಯಾಗಿ ತೇಲುತ್ತಿದ್ದವು. ಕಲ್ಲು ಬೆಳ್ಳಗೆ, ಶುಭ್ರವಾಗಿ, ತಾನು ಥಿಯೇಟರಿಗೆ ಕಳಿಸಿಕೊಡುವ ಕತ್ತರಿಯಷ್ಟೇ ನಿರ್ದೋಷವಾಗಿ ಕಂಡಿತು. ಅವನಿಗೆ ತೃಪ್ತಿಯಾಯಿತು. ಇನ್ನೂ ಆರು ಕಲ್ಲು ಅದೇ ನೀರಿಗೆ ಇಳಿಸಿ ಅವನು ರಸಮಟ್ಟದ ಹತ್ತಿರ ಹಿಂತಿರುಗಿದ.

ಹನ್ನೊಂದರ ಹೊತ್ತಿಗೆ ಅಕ್ಕ ಎರಡು ಲೋಟ ಕಾಫಿ ತಂದಳು. ಒಂದು ಗುಟುಕು ಕುಡಿದು ಮುಖ ಕಿವುಚಿದಳು. “ಏನೋ ಇದು, ಕಬ್ಬಿಣ ನೆಕ್ಕಿದ ಹಾಗಿದೆ.”

“ಲೋಟ ತೊಳ್ದಿದ್ದು ಸರಿಯಾಗಿಲ್ಲ.”

“ತೊಳ್ದವನು ನೀನೇ,” ಎಂದಳು ಅಕ್ಕ, ನಕ್ಕಳು. ಆ ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲಿಲ್ಲ.

ಒಂದು ಗಂಟೆಯೊಳಗೆ ಅವಳಿಗೆ ಚಳಿ ಹತ್ತಿತು. ಎರಡು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿತ್ತು. ತೊಡೆ, ಬೆನ್ನು ಯಾರೋ ಹಿಂಡಿದ ಹಾಗೆ ನೋಯುತ್ತಿದೆ ಎಂದಳು. ಉಸಿರೆಳೆದಾಗ ಎದೆಯಲ್ಲಿ ಸಿಳ್ಳೆ. ಅವಳದು ಹಳೆಯ ಉಬ್ಬಸ, ನಿಜ, ಆದರೆ ಉಬ್ಬಸದಲ್ಲಿ ಅವಳ ತುಟಿ ಹೀಗೆ ಬಣ್ಣಗೆಟ್ಟಿದ್ದನ್ನು ಹಬೆರಾಯ ನೋಡಿರಲಿಲ್ಲ. ಅವನಿಗೆ ನಾಲ್ಕು ವರ್ಷವಾದಾಗ ತಾಯಿ ತೀರಿಕೊಂಡಿದ್ದಳು. ಹದಿನಾರರ ಅಕ್ಕ ಹೊಲಿಗೆ ಯಂತ್ರ ತುಳಿದು ತಮ್ಮನನ್ನು ದೊಡ್ಡವನನ್ನಾಗಿ ಮಾಡಿದ್ದಳು. ಅವಳಿಲ್ಲದ ಮನೆ ಹೇಗಿರುತ್ತದೆ ಎನ್ನುವುದನ್ನು, ಲೋಕದ ಎಲ್ಲ ಕೇಡುಗಳನ್ನೂ ಮುಂಚಿತವಾಗಿ ಊಹಿಸಿಟ್ಟುಕೊಳ್ಳುವ ಆ ಮನುಷ್ಯ, ಒಂದು ಸಲವೂ ಊಹಿಸುವ ಧೈರ್ಯ ಮಾಡಿರಲಿಲ್ಲ.

ಒಲೆ ಆರಿಸಿ, ಬಾಗಿಲು ಎಳೆದುಕೊಂಡು, ಟ್ಯಾಕ್ಸಿಯಲ್ಲಿ ಅವಳನ್ನು ತನ್ನದೇ ಆಸ್ಪತ್ರೆಗೆ ಕರೆದೊಯ್ದ.

ತುರ್ತು ವಿಭಾಗದಲ್ಲಿ ಇದ್ದ ಡಾಕ್ಟರಮ್ಮ ಅವನಿಗೆ ಪರಿಚಯದವರು. ಎದೆಗೆ ಸ್ಟೆತಸ್ಕೋಪು ಇಟ್ಟು ಕೇಳಿದರು, ಬೆರಳಿಗೆ ಕ್ಲಿಪ್ಪು ಸಿಕ್ಕಿಸಿದರು. ಉಬ್ಬಸದ ಹಳೆಯ ಚೀಟಿಗಳನ್ನು ನೋಡಿದಮೇಲೆ ಅವರ ಮುಖದ ಬಿಗಿ ಸಡಿಲವಾಯಿತು. “ಉಬ್ಬಸವೇ ಕೆರಳಿದೆ ಹಬೆರಾಯರೇ, ಜೊತೆಗೊಂದು ವೈರಲ್ ಜ್ವರ. ಔಷಧದ ಗಾಳಿ ಕೊಡ್ತೀವಿ. ಸ್ವಲ್ಪ ಇಳಿದ್ರೆ ಸಂಜೆಯೊಳಗೆ ಮನೆಗೆ ಕರ್ಕೊಂಡು ಹೋಗ್ಬಹುದು. ಗಾಬರಿ ಬಿದ್ದು ನೀವೇ ಪೇಷಂಟ್ ಥರ ಕಾಣ್ತಿದ್ದೀರಲ್ಲ!”

ಅಕ್ಕನಿಗೆ ಮಾಸ್ಕು ಹಾಕಿದರು. ಅರ್ಧ ಗಂಟೆಯ ಮೇಲೆ ಅವಳ ಸಿಳ್ಳೆ ಸ್ವಲ್ಪ ತಗ್ಗಿತು. ಹಬೆರಾಯನಿಗೂ ಜೀವ ಬಂದಂತಾಗಿ, ಕಾರಿಡಾರಿಗೆ ಹೋಗಿ ಒಂದು ಲೋಟ ನೀರು ಕುಡಿದ.

ನೀರಿಗೆ ಕಬ್ಬಿಣದ ರುಚಿಯಿತ್ತು.

ಇನ್ನೊಂದು ಗುಟುಕು ಕುಡಿದು ನೋಡಿದ. ಅದೇ ರುಚಿ. ತುಟಿಯನ್ನು ಮುಟ್ಟಿಕೊಂಡ. ಹಲ್ಲು ಕೀಳಿಸಿದಮೇಲೆ ಇರುವಂತೆ ಜುಮುಗುಟ್ಟುತ್ತಿತ್ತು. ಆಗಿನಿಂದ ತನ್ನ ತೊಡೆ ನೋಯುತ್ತಿದ್ದದ್ದು ನೆಲದ ಮೇಲೆ ಮಲಗಿದ್ದಕ್ಕೆ ಎಂದುಕೊಂಡಿದ್ದ. ಉಬ್ಬಸ ಅಕ್ಕನದು, ತನಗೆಲ್ಲಿಯ ಉಬ್ಬಸ? ಬೆಳಿಗ್ಗೆಯಿಂದ ಇಬ್ಬರೂ ಹಂಚಿಕೊಂಡದ್ದು ಕಾಫಿ. ಕಾಫಿ, ಮತ್ತೆ ಆ ಅಡುಗೆಮನೆ.

ಅಂಗಡಿಯವನಿಗೆ ಫೋನು ಮಾಡಬೇಕೆಂದು ತಕ್ಷಣ ಹೊಳೆಯಿತು. ಆದರೆ ನಂಬರು ಒತ್ತಲು ಬೆರಳು ಬರಲಿಲ್ಲ. ಕೇಳದಿದ್ದರೆ ಅದು ಬರೀ ಉಬ್ಬಸವಾಗಿಯೇ ಉಳಿಯುತ್ತದೆ. ಗೋಡೆಗೆ ಒರಗಿ ಎಷ್ಟೋ ಹೊತ್ತು ನಿಂತ. ಕೊನೆಗೆ ಒತ್ತಿದ.

“ಸರ್, ಹೇಳಿ ಸರ್, ಸ್ಟ್ಯಾಂಡ್ ಕೂತ್ಕೊಳ್ತಾ?”

“ಆ ಕಲ್ಲು... ಅದರ ಮೇಲೆ ಕಂದು ಗುಂಡಿ ಥರ ಇತ್ತಲ್ಲ, ಅದು ಏನು?”

“ಅದೂ ಹವಳದ ಜಾತಿಯೇ ಸರ್. ಬರಿಗೈಯಲ್ಲಿ ಉಜ್ಜಿಲ್ಲ ತಾನೇ? ಕೆಲವಕ್ಕೆ ವಿಷ ಇರುತ್ತೆ. ಗ್ಲೌಸ್ ಹಾಕ್ಕೊಳಿ.”

“ಉಜ್ಜಿಲ್ಲ. ಕುದಿಸ್ದೆ.”

ಫೋನು ಕಡಿದುಹೋಯಿತೋ ಎಂದು ಹಬೆರಾಯ ಕಿವಿಯಿಂದ ತೆಗೆದು ನೋಡಿದ.

“ಕುದಿಸಿದ್ರಾ?” ಅಂಗಡಿಯವನ ದನಿಯೇ ಬದಲಾಗಿತ್ತು. “ಒಲೆ ಮೇಲಾ? ಮನೆ ಒಳಗಾ? ಸರ್, ಆ ವಿಷ ಕುದಿಸಿದ್ರೆ ಸಾಯಲ್ಲ, ಹಬೆ ಜೊತೆ ಎದ್ದು ಬರುತ್ತೆ. ಯಾರೂ ಒಳಗೆ ಇರಬಾರ್ದು. ಯಾರಿದ್ದಾರೆ ಮನೇಲಿ? ಸರ್? ಆಸ್ಪತ್ರೆಗೆ ಹೋಗಿ ಸರ್, ಇದನ್ನೇ ಹೇಳಿ, ಕಲ್ಲು ಕುದಿಸಿದ್ವಿ ಅಂತ ಬಾಯಿಬಿಟ್ಟು ಹೇಳಿ. ಹೇಳ್ದಿದ್ರೆ ಅವರಿಗೆ ಗೊತ್ತಾಗಲ್ಲ.”

ಹಬೆರಾಯ ಫೋನು ಜೇಬಿಗೆ ಹಾಕಿಕೊಂಡ. ಕಿಟಕಿ ಮುಚ್ಚಿದವನು ತಾನು. ಒಲೆಯ ಪಕ್ಕ ಅವಳನ್ನು ಕೂರಿಸಿದವನು ತಾನು. ಒಂದಲ್ಲ, ಎರಡು ಸಲ ಕಲ್ಲು ಹಾಕಿದವನೂ ತಾನೇ.

ಒಳಗೆ ನರ್ಸು ಅಕ್ಕನ ಮಾಸ್ಕು ಕಳಚಿ, “ಈಗ ಪರವಾಗಿಲ್ವಾ ಅಮ್ಮಾ?” ಎಂದು ಕೇಳುತ್ತಿದ್ದಳು. ಅಕ್ಕ, ಮನೆಗೆ ಹೋಗುವ ಆಸೆಗೆ, ಇಲ್ಲದ ಶಕ್ತಿ ತಂದುಕೊಂಡು ತಲೆಯಾಡಿಸುತ್ತಿದ್ದಳು. ಡಾಕ್ಟರಮ್ಮ ಮೇಜಿನ ಮುಂದೆ ಮನೆಗೆ ಕಳಿಸುವ ಕಾಗದ ಬರೆಯುತ್ತಿದ್ದರು. ಹಬೆರಾಯನನ್ನು ಕಂಡು, “ಎಲ್ಲಿಗೆ ಹೋಗಿದ್ರಿ? ಮೂರು ದಿನದ ಮಾತ್ರೆ ಬರೆದಿದ್ದೀನಿ. ಮನೇಲಿ ಬೆಚ್ಚಗೆ ಮಲಗಿಸಿ,” ಎಂದರು.

ಸುಮ್ಮನಿದ್ದರೆ ಆಗುತ್ತದೆ ಎಂದು ಒಂದು ಯೋಚನೆ ಅವನೊಳಗೆ ಮೆಲ್ಲಗೆ ತಲೆಯೆತ್ತಿತು. ಅಕ್ಕ ಸುಧಾರಿಸಿಕೊಳ್ಳುತ್ತಿದ್ದಾಳೆ. ಅವಳನ್ನು ಹೊರಗೆ ಕೂರಿಸಿ, ತಾನೊಬ್ಬನೇ ಒಳಗೆ ಹೋಗಿ ಕಿಟಕಿಗಳನ್ನೆಲ್ಲ ತೆಗೆದು, ಪಾತ್ರೆ ಸಮೇತ ಆಚೆ ಎಸೆದುಬಿಟ್ಟರೆ ಯಾರಿಗೂ ತಿಳಿಯಬೇಕಾಗಿಲ್ಲ. ನಾಳೆ ಇಡೀ ಆಸ್ಪತ್ರೆ, ಹಬೆರಾಯ ಹಬೆಯಿಂದಲೇ ಅಕ್ಕನ ಜೀವಕ್ಕೆ ಕುತ್ತು ತಂದ ಎಂದು ಆಡಿಕೊಳ್ಳುವುದು ತಪ್ಪುತ್ತದೆ. ಆ ಹೆದರಿಕೆ ಎಷ್ಟು ದೊಡ್ಡದಿತ್ತೆಂದರೆ ಅವನು ಕಾಗದಕ್ಕೆ ಕೈಯನ್ನೂ ಚಾಚಿದ.

ಅಕ್ಕ ಮಂಚದಿಂದ ಇಳಿಯಲು ಕಾಲು ಕೆಳಗಿಟ್ಟಳು. ಚಪ್ಪಲಿ ಹುಡುಕುತ್ತಿದ್ದ ಆ ಪಾದ ನಡುಗುತ್ತಿತ್ತು, ಚಪ್ಪಲಿ ಸಿಕ್ಕಿದರೂ ಬೆರಳು ಅದರೊಳಗೆ ಹೋಗುತ್ತಿರಲಿಲ್ಲ. “ಏನೋ ಇದು, ಕಾಲಿಗೆ ಗೊತ್ತೇ ಆಗ್ತಿಲ್ಲ,” ಎಂದು ಅವಳು ತನ್ನಷ್ಟಕ್ಕೇ ಹೇಳಿಕೊಂಡಳು.

“ನಾನು ಕಲ್ಲು ಕುದಿಸ್ದೆ,” ಎಂದ ಹಬೆರಾಯ.

“ಏನು?”

“ಸಮುದ್ರದ ಕಲ್ಲು. ಅಕ್ವೇರಿಯಂಗೆ ಅಂತ. ಮೇಲೆ ವಿಷದ ಹವಳ ಇತ್ತು, ನಂಗೆ ಗೊತ್ತಿರ್ಲಿಲ್ಲ. ಎರಡು ಗಂಟೆ ಕುದಿಸಿದ್ದೀನಿ, ಕಿಟಕಿ ಮುಚ್ಚಿ. ಅಕ್ಕ ಪಕ್ಕದಲ್ಲೇ ಕೂತಿದ್ಲು. ನಾನೇ ಕೂರಿಸಿದ್ದು.” ಅವನು ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡ. “ಇದು ಉಬ್ಬಸ ಅಲ್ಲ ಮೇಡಂ. ಮನೆಗೆ ಕಳಿಸ್ಬೇಡಿ.”

ಡಾಕ್ಟರಮ್ಮ ನಗಲಿಲ್ಲ. ಪೆನ್ನು ಕೆಳಗಿಟ್ಟು, ವಿಷದ ಮಾಹಿತಿ ಕೇಂದ್ರಕ್ಕೆ ಫೋನು ಮಾಡಿ, ವಿಷದ ಹೆಸರನ್ನು ಎರಡೆರಡು ಸಲ ಬಿಡಿಸಿ ಕೇಳಿ ಬರೆದುಕೊಂಡರು. ಬರೆಯುತ್ತ ಬರೆಯುತ್ತ ಅವರ ಹುಬ್ಬು ಗಂಟಾಯಿತು. ಆಮೇಲೆ ಎಲ್ಲವೂ ಬೇಗ ಬೇಗ ನಡೆಯಿತು. ಅಕ್ಕನನ್ನು ಮತ್ತೆ ಮಲಗಿಸಿದರು. ಮುಖಕ್ಕೆ ಮತ್ತೆ ಮಾಸ್ಕು, ಎದೆಗೆ ವಯರುಗಳು, ತೋಳಿಗೆ ಸೂಜಿ, ರಕ್ತದ ಪರೀಕ್ಷೆಗೆ ನಾಲ್ಕು ಸೀಸೆ. “ಇದಕ್ಕೆ ಮದ್ದು ಅಂತ ಇಲ್ಲ,” ಎಂದರು ಡಾಕ್ಟರಮ್ಮ, ಅವನನ್ನು ಒಂದು ಪಕ್ಕಕ್ಕೆ ಕರೆದು. “ಹೃದಯ, ಉಸಿರು ಎರಡರ ಮೇಲೂ ಕಣ್ಣಿಟ್ಟಿರ್ಬೇಕು. ನಾಳೆವರೆಗೆ ನಾನೇನೂ ಹೇಳಕ್ಕಾಗಲ್ಲ. ಹೇಳಿದ್ದು ಒಳ್ಳೇದಾಯ್ತು. ಮನೆಗೆ ಹೋಗಿದ್ರೆ...”

ಅವನು ಮಂಚದ ಹತ್ತಿರ ಬಂದು ನಿಂತ. ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವನಿಗೆ ಅವಳ ಮುಖ ನೋಡುವ ಧೈರ್ಯವಿರಲಿಲ್ಲ. ಬೈದರೆ ಸಾಕು ಎನಿಸಿತು, ಜೋರಾಗಿ, ನಾಲ್ಕು ಜನ ತಿರುಗಿ ನೋಡುವ ಹಾಗೆ ಬೈದರೆ ಸಾಕು.

ಅಕ್ಕ ಮಾಸ್ಕನ್ನು ಕಿತ್ತು ಗಲ್ಲಕ್ಕೆ ಎಳೆದಳು.

“ಡಾಕ್ಟ್ರೇ, ಇವನನ್ನ ನೋಡಿ ಮೊದ್ಲು,” ಎಂದಳು. ಒಂದೊಂದು ಮಾತಿಗೂ ಉಸಿರು ಕೂಡಿಸಿಕೊಳ್ಳಬೇಕಾಗಿತ್ತು. “ನಾನು ಪಕ್ಕದಲ್ಲಿ ಕೂತಿದ್ದೆ. ಇವನು ಪಾತ್ರೆ ಒಳಗೇ ಮುಖ ಇಟ್ಟಿದ್ದ. ಕೇಳಿದ್ರೆ ಏನೂ ಆಗಿಲ್ಲ ಅಂತಾನೆ. ನಂಬ್ಬೇಡಿ. ಚಿಕ್ಕವನಿದ್ದಾಗ್ಲಿಂದ ಹಾಗೇ.”

“ನಂಗೇನೂ ಆಗಿಲ್ಲ,” ಎಂದ ಹಬೆರಾಯ.

“ನೋಡಿದ್ರಾ?” ಎಂದಳು ಅಕ್ಕ.

ಡಾಕ್ಟರಮ್ಮ ಅವನ ತುಟಿ ನೋಡಿದರು, ಕೈ ಹಿಡಿದು ನಾಡಿ ನೋಡಿದರು, ಪಕ್ಕದ ಮಂಚ ತೋರಿಸಿದರು. ಅವನ ಅಂಗಿ ಬಿಚ್ಚಿಸಿ ಎದೆಗೂ ವಯರು ಅಂಟಿಸಿದರು. ಎರಡು ಮಂಚಗಳ ನಡುವಿನ ಪರದೆಯನ್ನು ನರ್ಸು ಎಳೆದು ಹೋದಳು.

ಸ್ವಲ್ಪ ಹೊತ್ತಿಗೆ ಆ ಪರದೆಯ ಅಂಚು ಅಲುಗಿತು. ಸೂಜಿ ಚುಚ್ಚಿದ್ದ ಒಂದು ಕೈ ಈಚೆ ಬಂದು, ಬಟ್ಟೆಯನ್ನು ಎರಡು ಮೂರು ಸಲ ಜಗ್ಗಿ, ಒಂದು ಗೇಣು ಸರಿಸಿತು. ಆ ಸಂದಿನಲ್ಲಿ ಮಾಸ್ಕಿನ ಮೇಲಿನ ಅಕ್ಕನ ಕಣ್ಣುಗಳು ಕಾಣಿಸಿದವು. ಅವು ಅವನ ಮುಖವನ್ನು ನೋಡುತ್ತಿರಲಿಲ್ಲ. ಅವನ ಹೊದಿಕೆ ಏರುವುದನ್ನು, ಇಳಿಯುವುದನ್ನು, ಮತ್ತೆ ಏರುವುದನ್ನು ನೋಡುತ್ತಿದ್ದವು.