ಕೂಗದ ಗಿರಣಿ

ಬೇವೂರಿನ ಹೊಲದ ದಾರಿಯಲ್ಲಿ ಆರು ತಿಂಗಳಿಂದ ಗಾಳಿ ಬೀಸುತ್ತಿತ್ತೇ ಹೊರತು ಹಸನಬೀಯ ಗಿರಣಿ ಬೀಸುತ್ತಿರಲಿಲ್ಲ. ಗಿರಣಿ ಕೆಟ್ಟಿರಲಿಲ್ಲ. ಹೊಸ ಮೋಟಾರು, ಹೊಸ ಪಟ್ಟಾ, ಬಾಗಿಲಿಗೆ ‘ಗಿರಣಿ ಚಾಲೂ ಐತಿ’ ಎಂಬ ಬೋರ್ಡು, ಎಲ್ಲ ಇತ್ತು. ಜೋಳ ಮಾತ್ರ ಬರುತ್ತಿರಲಿಲ್ಲ. ಜೋಳವಿಲ್ಲದ ಗಿರಣಿಯ ಮುಂದೆ ಹಸನಬೀ ಜೋಲು ಮುಖ ಹಾಕಿಕೊಂಡು ಕೂತಿರುತ್ತಿದ್ದಳು.

ನಾನು ಕೊಪ್ಪಳದ ಕಚೇರಿಯೊಂದರಲ್ಲಿ ಗುಮಾಸ್ತ, ಭಾನುವಾರಕ್ಕೊಮ್ಮೆ ಊರಿನವ. ಆ ಭಾನುವಾರ ಬೆಳಿಗ್ಗೆ ಗಿರಣಿಯ ಕಟ್ಟೆಯ ಮೇಲೆ ಕೂತಾಗ ಆಕೆ ಸುದ್ದಿ ಹೇಳಿದಳು. ನಾಳೆ ಗುಜರಿಯವನ ಲಾರಿ ಬರುತ್ತದೆ. ಮೂಲೆಯಲ್ಲಿರುವ ಹಳೆಯ ಡೀಸೆಲ್ ಎಂಜಿನ್ನು, ಹೊಸ ಮೋಟಾರು, ಬೀಸುವ ಕಲ್ಲು, ಎಲ್ಲ ಒಂದೇ ಸಲಕ್ಕೆ ಹೋಗುತ್ತವೆ. ಗಂಡ ಬಾಬಾಸಾಬ ತೀರಿಕೊಂಡ ಮೇಲೆ ಎಂಜಿನ್ನಿನ ಹೊಗೆ ತಡೆಯಲಾರದೆ ಮೋಟಾರು ಹಾಕಿಸಿದ್ದೇ ತಪ್ಪಾಯಿತೇನೋ ಎಂದಳು.

“ಹಿಟ್ಟು ಕೆಟ್ಟು ಬರಾಕತ್ತೈತೇನೋ ಅಂತ ಮೂರು ಸಲ ಕಲ್ಲಿಗೆ ಟಾಕಿ ಹೊಡದು ಹಲ್ಲು ಮಾಡಿದೆ, ಸಿದ್ಲಿಂಗ. ಯಾರಿಗೆ ಏನು ಅಂದೇನೋ ಅಂತ ನೆನಸ್ತೇನಿ, ಒಬ್ಬರ ಹೆಸರೂ ನೆಪ್ಪಾಗವಲ್ದು.”

ಹೋಗಿ ಕೇಳಬಾರದೇ ಎಂದು ಆಕೆಯ ಕಿವಿಯ ಬಳಿ ಕೂಗಿದೆ. ಮೂವತ್ತು ವರ್ಷ ಎಂಜಿನ್ನಿನ ಪಕ್ಕ ನಿಂತು ಆಕೆಯ ಕಿವಿ ಮಂದವಾಗಿವೆ. ಆಕೆಯ ಜೊತೆ ಗುಟ್ಟು ಮಾತಾಡುವುದೆಂದರೆ ಡಂಗುರ ಸಾರಿದಂತೆ. ಗಿರಣಿಯವಳು ಗಿರಾಕಿಯ ಮನೆಗೆ ಹೋಗಿ ಜೋಳ ಕೇಳುವುದು ಅವಮಾನ ಎಂದಳು.

ಅಷ್ಟರಲ್ಲಿ ಮುದಿಯಪ್ಪನ ಉಳ್ಳಾಗಡ್ಡಿ ಆಟೋ ಬಂದು ನಿಂತಿತು. ಆತ ಊರೂರು ತಿರುಗಿ ಮೈಕಿನಲ್ಲಿ ಉಳ್ಳಾಗಡ್ಡಿ ಮಾರುವವ. ಕುಡಿಯಲು ನೀರು ಕೇಳಿ ಚೊಂಬು ಎತ್ತಿದವ, ತೆರೆದ ಬಾಗಿಲ ಎದುರಿಗೇ ನಿಂತು ನನಗೆ ಹೇಳಿದ: “ಈ ಗಿರಣಿ ಮುಚ್ಚಿ ಅರ್ಧ ವರ್ಷ ಆತು ನೋಡು. ಪಾಪ, ಬಾಬಾಸಾಬ ಹ್ವಾದ, ಕೂಗೂ ನಿಂತು ಹೋತು.”

ನನಗೆ ಆಗ ಹೊಳೆಯಿತು.

ಎಂಜಿನ್ ಮಾಡಿದ ಸಾಹೇಬನ ಹೆಸರು ಪುಸ್ತಕದಲ್ಲಿದೆ. ಅದರ ಹೊಗೆ ಕೊಳವೆಯ ಬಾಯಿಗೆ ತಗಡಿನ ಡಬ್ಬಿ ಬೋರಲು ಹಾಕಿ ‘ಕುಕ್ ಕುಕ್’ ಎಂದು ಕೂಗಿಸಿದ ಪುಣ್ಯಾತ್ಮನ ಹೆಸರು ಎಲ್ಲಿಯೂ ಇಲ್ಲ. ಕುಷ್ಟಗಿಯವರು ಅವ ನಮ್ಮವ ಅನ್ನುತ್ತಾರೆ, ಯಲಬುರ್ಗಾದವರು ನಮ್ಮವ ಅನ್ನುತ್ತಾರೆ. ಯಾರವನೇ ಆಗಲಿ, ಆ ಡಬ್ಬಿಯ ದೆಸೆಯಿಂದ ಒಂದು ಹರದಾರಿ ದೂರದ ಹೊಲದಲ್ಲಿ ಕಳೆ ತೆಗೆಯುವವಳಿಗೂ ಗಿರಣಿ ಚಾಲೂ ಇದೆಯೆಂದು ತಿಳಿಯುತ್ತಿತ್ತು. ಮೋಟಾರು ಬಂತು, ಡಬ್ಬಿ ಸುಮ್ಮನಾಯಿತು. ಗಂಡ ಹೋದ ಹೆಂಗಸು ಗಿರಣಿ ಮುಚ್ಚಿದಳೆಂದು ಊರವರು ತಿಳಿದರು. ಕೇಳಿದರೆ ನೊಂದಾಳೆಂದು ಯಾರೂ ಕೇಳಲಿಲ್ಲ. ಇತ್ತ ಹಸನಬೀಯ ಕಿವಿಗೆ ಎಂಜಿನ್ನೂ ಮೌನ, ಮೋಟಾರೂ ಮೌನ. ನಿಂತದ್ದು ಏನೆಂದು ಆಕೆಗೆ ಗೊತ್ತಾಗುವುದಾದರೂ ಹೇಗೆ?

ಇದನ್ನು ಆಕೆಗೆ ತಿಳಿಸಿ ಹೇಳಬಹುದಿತ್ತು. ಆದರೆ ಮೈಕು ಕಂಡರೆ ಮೈ ಮರೆಯುವ ಚಾಳಿ ನನ್ನದು. ಮುದಿಯಪ್ಪ ನೀರು ಕುಡಿಯುತ್ತಿದ್ದಾಗ ಅವನ ಮೈಕು ಎತ್ತಿಕೊಂಡು ತುಟಿ ಮುಂದೆ ಚಾಚಿ ‘ಕುಕ್ ಕುಕ್’ ಶುರು ಮಾಡಿದೆ. ಬಾಬಾಸಾಬನ ಎಂಜಿನ್ನು ಏಳು ಸಲ ಕೂಗಿ ಎಂಟನೆಯದನ್ನು ನುಂಗುತ್ತಿತ್ತು. ನಾನೂ ನುಂಗಿದೆ. ಹತ್ತು ನಿಮಿಷ ಕೂಗುವಷ್ಟರಲ್ಲಿ ಕೆನ್ನೆ ನೋಯತೊಡಗಿದವು. ಮುದಿಯಪ್ಪ ಒಮ್ಮೆ ಎಂಜಿನ್ನನ್ನೂ ಒಮ್ಮೆ ನನ್ನನ್ನೂ ನೋಡಿ, ನೀರು ನೆತ್ತಿಗೇರಿ ಕೆಮ್ಮಿದ.

ಅರ್ಧ ತಾಸಿನಲ್ಲಿ ನಾಲ್ಕೂ ದಿಕ್ಕಿನಿಂದ ಬುಟ್ಟಿಗಳು ಬಂದವು. ತಲೆಯ ಮೇಲೆ, ಸೈಕಲ್ಲಿನ ಮೇಲೆ, ಕನಕಪ್ಪನ ಟ್ರ್ಯಾಕ್ಟರಿನ ಮೇಲೆ. ಎಲ್ಲರಿಗಿಂತ ಮುಂದೆ ಎಪ್ಪತ್ತರ ಗುರುಲಿಂಗಮ್ಮ. ಹಸನಬೀ ಎದ್ದು ನಿಂತು ಸೆರಗು ಸರಿಮಾಡಿಕೊಂಡಳು. ಎಷ್ಟು ಜನ ಬಂದಿದ್ದಾರೆಂದು ಎಣಿಸಲು ಹೋಗಿ, ಎಣಿಕೆ ತಪ್ಪಿ, ನಗುತ್ತ ಮೋಟಾರಿನ ಗುಂಡಿ ಒತ್ತಿದಳು.

ಏನೂ ಆಗಲಿಲ್ಲ. ತ್ರೀ ಫೇಸ್ ಕರೆಂಟು ಹೋಗಿತ್ತು. ಸಂಜೆ ನಾಲ್ಕರವರೆಗೆ ಬರುವುದಿಲ್ಲ ಎಂದು ಯಾರೋ ಹೇಳಿದರು. ಮೂರು ಫೇಸೂ ಹೋಗಿ ನನ್ನದೊಂದು ಫೇಸು ಉಳಿದಿತ್ತು. ಮುದಿಯಪ್ಪ ಅದರತ್ತಲೇ ಬೆರಳು ತೋರಿಸುತ್ತಿದ್ದ.

ಹೊಲದ ಕೆಲಸ ಬಿಟ್ಟು ಬಂದವರು ಗೊಣಗತೊಡಗಿದರು. ಇಬ್ಬರು ಬುಟ್ಟಿ ಎತ್ತಿಕೊಂಡು ಹೊರಳಿಯೇಬಿಟ್ಟರು. ಹಸನಬೀಯ ಕೈ ಇನ್ನೂ ಗುಂಡಿಯ ಮೇಲೇ ಇತ್ತು. ಈಗ ಹೋದವರು ಮತ್ತೆ ಬರುವುದಿಲ್ಲ, ನಾಳೆ ಲಾರಿ ಬರುತ್ತದೆ ಎಂಬುದು ಆಕೆಯ ಮುಖದಲ್ಲಿ ಬರೆದಂತಿತ್ತು. ಗುರುಲಿಂಗಮ್ಮ ನನ್ನ ಮುಂದೆ ಬುಟ್ಟಿ ಕುಕ್ಕಿದಳು.

“ಬಾಯಿಲೇ ಕೂಗಿದೆಲ್ಲ, ತಗೋ, ಬಾಯಿಲೇ ಬೀಸಿ ಕೊಡು.”

ಎಲ್ಲರೂ ನಕ್ಕರು. ಹೊರಳಿದ ಇಬ್ಬರೂ ನಗುವುದಕ್ಕೆಂದು ನಿಂತರು. ಅದೇ ಸಂದು ಎಂದು ನಾನು ಮೂಲೆಯ ಎಂಜಿನ್ನಿನ ಮೇಲಿನ ತಾಡಪತ್ರಿ ಎಳೆದೆ. ಕನಕಪ್ಪ ಟ್ರ್ಯಾಕ್ಟರಿನಿಂದ ಡೀಸೆಲ್ ತಂದ. ಹೆಂಗಸರು ಎಂಜಿನ್ನಿನ ತೊಟ್ಟಿಗೆ ನೀರು ತುಂಬಿದರು. ಹಸನಬೀ ಪಟ್ಟಾವನ್ನು ಮೋಟಾರಿನಿಂದ ಬಿಚ್ಚಿ ಎಂಜಿನ್ನಿಗೆ ಹಾಕಿದಳು. ಹ್ಯಾಂಡಲ್ ಹೊಡೆಯಲು ಕನಕಪ್ಪ, ಮುದಿಯಪ್ಪ. ಹ್ಯಾಂಡಲ್ ವೇಗ ಹಿಡಿದಾಗ ಲಿವರ್ ಬಿಟ್ಟರೆ ಎಂಜಿನ್ನು ಹತ್ತಿಕೊಳ್ಳುತ್ತದೆ, ಆದರೆ ಬಿಡುವ ಹೊತ್ತು ಗೊತ್ತಿದ್ದವ ಬಾಬಾಸಾಬ ಒಬ್ಬನೇ. ಅವನು ಅದನ್ನು ಕಿವಿಯಿಂದ ತಿಳಿಯುತ್ತಿದ್ದ. ಹಸನಬೀ ನನ್ನ ಕೈ ಹಿಡಿದು ಲಿವರಿನ ಮೇಲಿಟ್ಟಳು.

ಮೊದಲ ಸಲ ಬೇಗ ಬಿಟ್ಟೆ, ಹ್ಯಾಂಡಲ್ ತಿರುಗಿ ಒದೆಯಿತು. ಎರಡನೆಯ ಸಲ ತಡವಾಯಿತು. ಮೂರನೆಯ ಸಲ ಕಣ್ಣು ಮುಚ್ಚಿಕೊಂಡೆ. ಪುಸ್, ಪುಸ್, ಪುಸ್ಸು ದಪ್ಪಗಾಗಿ ಬುಸ್ಸಾಯಿತು. ಬಿಟ್ಟೆ. ಇಡೀ ಗೋಡೆ ನಡುಗಿತು. ತಗಡಿನ ಡಬ್ಬಿ ಏಳು ಸಲ ಕೂಗಿ ಎಂಟನೆಯದನ್ನು ನುಂಗಿತು. ನನ್ನ ಅನುಕರಣೆಯಲ್ಲಿ ಗಂಟಲು ಸ್ವಲ್ಪ ತೆಳುವಾಗಿತ್ತು ಎಂದು ಅಲ್ಲಿಯೇ ಒಪ್ಪಿಕೊಂಡೆ.

ಬೀಸುವುದು ಮುಗಿಯುವ ಹೊತ್ತಿಗೆ ಎಲ್ಲರ ರೆಪ್ಪೆಯೂ ಬೆಳ್ಳಗಾಗಿತ್ತು. ಗುರುಲಿಂಗಮ್ಮ ಬಿಸಿ ಹಿಟ್ಟಿನ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಹಸನಬೀಯ ಕಿವಿಗೆ ಬಾಯಿ ಹಚ್ಚಿ ಹೇಳಿದಳು: “ನಿನ್ನ ಗಿರಣಿ ಕೂಗಲಿಲ್ಲವಾ, ಅದಕ್ಕ ಬರಲಿಲ್ಲ. ನಿನ್ನ ಮ್ಯಾಲೆ ನಮಗ್ಯಾಕ ಸಿಟ್ಟು?”

ಹಸನಬೀ ಎರಡನೆಯ ಸಲ ಹೇಳಿಸಿಕೊಂಡಳು. ಆಮೇಲೆ ಕಟ್ಟೆಯ ಮೇಲೆ ಕೂತು, ಹಿಟ್ಟಿನ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಬಹಳ ಹೊತ್ತು ನಕ್ಕಳು. “ಅಷ್ಟಽ ಏನು? ನಾ ಸುಮ್ನ ಕಲ್ಲು ಸವೆಸಿದೆನಲ್ಲೇ, ಗುರುಲಿಂಗಿ.”

ಗುಜರಿಯವನಿಗೆ ಬರಬೇಡವೆಂದು ಫೋನು ಮಾಡಿದವನು ನಾನೇ. ಈಗ ದಿನಾ ಬೆಳಿಗ್ಗೆ ಎಂಟಕ್ಕೆ ಕನಕಪ್ಪ ಬಂದು ಹ್ಯಾಂಡಲ್ ಹೊಡೆದು, ನನ್ನಿಂದ ಕಲಿತ ಹೊತ್ತಿಗೆ ಲಿವರ್ ಬಿಟ್ಟು ಹೋಗುತ್ತಾನೆ. ಎಂಜಿನ್ನು ಕಾಲು ತಾಸು ಬರೀ ಕೂಗುತ್ತದೆ. ಬೀಸುವುದು ಆಮೇಲೆ, ಮೋಟಾರಿನ ಪಾಲು. ಆ ಕಾಲು ತಾಸು ಹಸನಬೀ ಗೋಡೆಗೆ ಅಂಗೈ ಒತ್ತಿ ನಿಂತಿರುತ್ತಾಳೆ. ಯಾಕೆಂದು ಕೇಳಿದರೆ, ಕರೆಯುತ್ತಿದೆಯೋ ಇಲ್ಲವೋ ನೋಡಬೇಕಲ್ಲ ಎನ್ನುತ್ತಾಳೆ.